ದೇಹದೊಳಗಿನ ಶಲ್ಯ, ಮನದೊಳಗಿನ ಶಲ್ಯ

2024ರ ಡಿಸೆಂಬರ್ ತಿಂಗಳಲ್ಲಿ ತಮಿಳುನಾಡಿನ ತಿರುಚಿರಾಪಳ್ಳಿಯಲ್ಲಿ ಹಚ್ಚೆ ಹಾಕುವ ಅಂಗಡಿಯೊಂದಕ್ಕೆ ನಗರಪಾಲಿಕೆ ಬೀಗಮುದ್ರೆ ಹಾಕಿತು. ಅಲ್ಲಿನ ಇಬ್ಬರನ್ನು ಪೊಲೀಸರು ಬಂಧಿಸಿದರು. ವೈದ್ಯಶಿಕ್ಷಣವಿಲ್ಲದೆ ಯುವಕರ ನಾಲಿಗೆಯನ್ನು ಹಾವಿನ ನಾಲಿಗೆಯಂತೆ ಎರಡಾಗಿ ಸೀಳಿ, ಆ ದೃಶ್ಯವನ್ನು ಇನ್‌ಸ್ಟಾಗ್ರಾಂನಲ್ಲಿ ಪ್ರಕಟಿಸಿದ್ದರೆಂಬುದು ಅವರ ಮೇಲಿನ ಆರೋಪ. ಈ ಸುದ್ದಿಯಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ನಾಲಿಗೆ ಸೀಳಿಸಿಕೊಂಡವರನ್ನು ಯಾರೂ ಬಲಾತ್ಕಾರದಿಂದ ಎಳೆದು ತಂದಿರಲಿಲ್ಲ. ಅವರು ತಾವಾಗಿಯೇ ಬಯಸಿ ಬಂದವರು.

ಕಿವಿಗೆ ಓಲೆ, ಮೂಗಿಗೆ ನತ್ತು ಇಡುವ ಪದ್ಧತಿ ನಮ್ಮ ನಾಡಿಗೆ ಹೊಸದಲ್ಲ. ಆದರೆ ಇಂದು ದೇಹ ಪರಿವರ್ತನೆಯೆಂಬ ಹೆಸರಿನಲ್ಲಿ ನಡೆಯುತ್ತಿರುವುದು ಅಲ್ಲಿಗೆ ನಿಲ್ಲುವುದಿಲ್ಲ. ಹಣೆಯ ಚರ್ಮದ ಕೆಳಗೆ ಸಿಲಿಕೋನ್ ತುಂಡುಗಳನ್ನಿಟ್ಟು ಕೊಂಬಿನಂತೆ ಕಾಣಿಸುವುದು, ಕಣ್ಣಿನ ಬಿಳಿಭಾಗಕ್ಕೆ ಸೂಜಿಯಿಂದ ಬಣ್ಣ ತುಂಬುವುದು, ಕಿವಿಯ ಹಾಲೆಯನ್ನು ಬಳೆಯಷ್ಟು ಹಿಗ್ಗಿಸುವುದು, ಕಿವಿಯನ್ನೇ ಕತ್ತರಿಸಿ ತೆಗೆಯುವುದು ಇವೆಲ್ಲ ಅದರಲ್ಲಿ ಸೇರಿವೆ. ನಾಲಿಗೆಯಲ್ಲಿ ದೊಡ್ಡ ರಕ್ತನಾಳಗಳೂ ನರಗಳೂ ಇವೆ. ಅದನ್ನು ಸೀಳಿದಾಗ ರಕ್ತಸ್ರಾವ ನಿಲ್ಲದೆ ಹೋಗಬಹುದು. ಬಾವು ಏರಿ ಉಸಿರಿನ ಮಾರ್ಗವೇ ಮುಚ್ಚಬಹುದು. ಕಣ್ಣಿಗೆ ಬಣ್ಣ ತುಂಬುವಾಗ ಸೂಜಿ ಕೂದಲೆಳೆಯಷ್ಟು ಆಳಕ್ಕಿಳಿದರೂ ದೃಷ್ಟಿ ಹೋಗಬಹುದು. ಹೀಗೆ ದೃಷ್ಟಿ ಕಳೆದುಕೊಂಡವರು ಹೊರದೇಶಗಳಲ್ಲಿ ಇದ್ದಾರೆ.

ಇಂಗ್ಲೆಂಡಿನ ಮೇಲ್ಮನವಿ ನ್ಯಾಯಾಲಯದ ಮುಂದೆ 2018ರಲ್ಲಿ ಇಂಥದೇ ಪ್ರಕರಣ ಬಂದಿತ್ತು. ವುಲ್ವರ್‌ಹ್ಯಾಂಪ್ಟನ್ ನಗರದ ಹಚ್ಚೆಗಾರನೊಬ್ಬನು ಗಿರಾಕಿಯೊಬ್ಬನ ಕಿವಿಯನ್ನು ಕತ್ತರಿಸಿದ್ದನು. ಮತ್ತೊಬ್ಬರ ನಾಲಿಗೆಯನ್ನು ಸೀಳಿದ್ದನು. ಅವರೆಲ್ಲರೂ ಒಪ್ಪಿಯೇ ಮಾಡಿಸಿಕೊಂಡರು ಎಂಬುದು ಅವನ ವಾದ. ವೈದ್ಯಕೀಯ ಅಗತ್ಯವಿಲ್ಲದೆ, ವೈದ್ಯನಲ್ಲದವನು ಮಾಡುವ ಇಂಥ ಛೇದನಕ್ಕೆ ಒಪ್ಪಿಗೆಯು ರಕ್ಷಣೆಯಾಗದೆಂದು ನ್ಯಾಯಾಲಯ ತೀರ್ಪಿತ್ತಿತು. ಮರುವರ್ಷ ಅವನಿಗೆ ಮೂರು ವರ್ಷ ನಾಲ್ಕು ತಿಂಗಳ ಸೆರೆವಾಸದ ಶಿಕ್ಷೆಯಾಯಿತು. ಭಾರತೀಯ ನ್ಯಾಯ ಸಂಹಿತೆಯೂ 18 ವರ್ಷ ಮೀರಿದವರ ಒಪ್ಪಿಗೆಗೆ ಮಿತಿಯನ್ನು ಇಟ್ಟಿದೆ. ಘೋರ ಗಾಯಕ್ಕೆ ಆ ಒಪ್ಪಿಗೆ ಸಲ್ಲದು.

ಕಾನೂನು ಇಷ್ಟನ್ನು ಹೇಳಿ ನಿಲ್ಲುತ್ತದೆ. ಅದು ನೋಡುವುದು ಗಾಯದ ಆಳವನ್ನು. ಧರ್ಮವು ಅದಕ್ಕಿಂತ ಮುಂದೆ ಹೋಗಿ, ಗಾಯಕ್ಕೆ ಕಾರಣವಾದ ಭಾವದ ಆಳವನ್ನು ನೋಡುತ್ತದೆ. “ದೇಹ ನನ್ನದು, ನಾನು ಏನನ್ನಾದರೂ ಮಾಡಿಕೊಳ್ಳುತ್ತೇನೆ, ಇದರಿಂದ ಯಾರಿಗೆ ಏನು ತೊಂದರೆ?” ಎಂಬುದು ಇಂದಿನ ಯುವಜನರು ಕೇಳುವ ಪ್ರಶ್ನೆ. ಇದನ್ನು ಉದ್ಧಟತನವೆಂದು ತಳ್ಳಿಹಾಕುವುದು ಸರಿಯಲ್ಲ. ಜಿನಾಗಮದಲ್ಲಿ ಇದಕ್ಕೆ ಸಮಾಧಾನವಿದೆ.

ಉಮಾಸ್ವಾಮಿ ಆಚಾರ್ಯರ ತತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳುತ್ತದೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಇವುಗಳಲ್ಲಿ ಛೇದವೆಂದರೆ ಕಿವಿ, ಮೂಗು ಮೊದಲಾದ ಅವಯವಗಳನ್ನು ಕತ್ತರಿಸುವುದೆಂದು ಸರ್ವಾರ್ಥಸಿದ್ಧಿಯಲ್ಲಿ ಪೂಜ್ಯಪಾದ ಆಚಾರ್ಯರು ವಿವರಿಸುತ್ತಾರೆ. ತನ್ನ ಆಶ್ರಯದಲ್ಲಿರುವ ಎತ್ತಿನ ಕಿವಿಯನ್ನು ಕತ್ತರಿಸುವುದೇ ಶ್ರಾವಕನ ವ್ರತಕ್ಕೆ ಕಲೆಯಾಗುವುದಾದರೆ, ತನ್ನ ಕಿವಿಯನ್ನೋ ನಾಲಿಗೆಯನ್ನೋ ವಿನಾಕಾರಣ ಛೇದಿಸುವುದು ಹೇಗೆ ನಿರ್ದೋಷವಾದೀತು? ಪ್ರಮಾದಯುಕ್ತನಾಗಿ ಪ್ರಾಣಗಳಿಗೆ ಘಾತ ಮಾಡುವುದೇ ಹಿಂಸೆ. ಐದು ಇಂದ್ರಿಯಗಳು, ಮನ-ವಚನ-ಕಾಯ ಬಲಗಳು, ಶ್ವಾಸೋಚ್ಛ್ವಾಸ, ಆಯುಷ್ಯ ಎಂಬ ಹತ್ತು ಪ್ರಾಣಗಳಲ್ಲಿ ನಾಲಿಗೆಯೊಂದನ್ನು ಸೀಳಿದರೆ ರಸನೇಂದ್ರಿಯಕ್ಕೂ ವಚನಬಲಕ್ಕೂ ಒಟ್ಟಿಗೆ ಪೆಟ್ಟು ಬೀಳುತ್ತದೆ. ಈ ಪ್ರಾಣಗಳು ಪರರವಾದರೆ ಹಿಂಸೆ, ತನ್ನವಾದರೆ ಅಲ್ಲ ಎಂಬ ವಿಭಾಗವನ್ನು ಆಚಾರ್ಯರು ಮಾಡಿಲ್ಲ.

ಅದೇ ಗ್ರಂಥದ ಆರನೆಯ ಅಧ್ಯಾಯದಲ್ಲಿ ಇದು ಮತ್ತಷ್ಟು ಸ್ಪಷ್ಟವಾಗಿದೆ. ದುಃಖ, ಶೋಕ, ತಾಪ ಮೊದಲಾದವುಗಳನ್ನು ತನ್ನಲ್ಲಿ ಉಂಟುಮಾಡಿಕೊಂಡರೂ, ಪರರಲ್ಲಿ ಉಂಟುಮಾಡಿದರೂ, ಇಬ್ಬರಲ್ಲಿಯೂ ಉಂಟುಮಾಡಿದರೂ ಅಸಾತಾವೇದನೀಯ ಕರ್ಮದ ಆಸ್ರವವಾಗುತ್ತದೆ ಎಂದು ಅಲ್ಲಿ ಹೇಳಿದೆ. “ಯಾರಿಗೆ ತೊಂದರೆ?” ಎಂದು ಕೇಳುವವನ ಲೆಕ್ಕದಲ್ಲಿ ಬಿಟ್ಟುಹೋದ ವ್ಯಕ್ತಿ ಅವನೇ.

ಇಲ್ಲಿ ಜಾಣ ತರುಣನು ಮರುಪ್ರಶ್ನೆ ಹಾಕಬಹುದು. ಮುನಿಗಳು ಕೈಯಿಂದಲೇ ಕೇಶಲೋಚ ಮಾಡಿಕೊಳ್ಳುವುದಿಲ್ಲವೇ? ದಿನಗಟ್ಟಲೆ ಉಪವಾಸವಿರುವುದಿಲ್ಲವೇ? ಅದೂ ದೇಹಕ್ಕೆ ಕೊಡುವ ನೋವೇ ಅಲ್ಲವೇ? ಈ ಆಕ್ಷೇಪ ಹೊಸದೇನೂ ಅಲ್ಲ. ಪೂಜ್ಯಪಾದರು ತಾವೇ ಇದನ್ನು ಎತ್ತಿಕೊಂಡು ಉತ್ತರಿಸಿದ್ದಾರೆ. ಸಂಯಮಿಯೊಬ್ಬರ ಮೈಮೇಲಿನ ಕುರುವನ್ನು ಕರುಣಾಳುವಾದ ವೈದ್ಯನು ಶಸ್ತ್ರದಿಂದ ಸೀಳಿದಾಗ ನೋವಾಗುತ್ತದೆ; ಆದರೂ ನೋವಾದ ಮಾತ್ರಕ್ಕೆ ವೈದ್ಯನಿಗೆ ಪಾಪಬಂಧವಿಲ್ಲ. ಹಾಗೆಯೇ ಸಂಸಾರದುಃಖದಿಂದ ಬಿಡುಗಡೆ ಬಯಸಿ, ಕ್ರೋಧಾದಿ ಕಷಾಯಗಳಿಲ್ಲದೆ, ಆಗಮವಿಧಿಯಂತೆ ನಡೆಯುವವರಿಗೆ ತಪಸ್ಸಿನ ಕಷ್ಟವು ಪಾಪಕಾರಣವಾಗುವುದಿಲ್ಲ. ಕೇಶಲೋಚವು ಮುನಿಗಳ 28 ಮೂಲಗುಣಗಳಲ್ಲಿ ಒಂದು. ಅದರಲ್ಲಿ ಯಾವ ಅವಯವದ ನಾಶವೂ ಇಲ್ಲ, ಕ್ಷೌರಿಕನ ಮತ್ತು ಆಯುಧದ ಹಂಗಿಲ್ಲ, ರೂಪದ ಮೋಹವೂ ಇಲ್ಲ. ದೇಹದ ಮೇಲಿನ ಮಮಕಾರವನ್ನು ಕಡಿಮೆ ಮಾಡುವ ಕ್ರಿಯೆ ಅದು. ಕೊಂಬು ನೆಡಿಸಿಕೊಳ್ಳುವುದು ಮಮಕಾರವನ್ನು ಹೆಚ್ಚಿಸುವ ಕ್ರಿಯೆ. ಎರಡರಲ್ಲಿಯೂ ನೋವು ಇರಬಹುದು, ಆದರೆ ಅವು ಸಾಗುವ ದಿಕ್ಕು ಬೇರೆ.

ಈ ವೈದ್ಯನ ದೃಷ್ಟಾಂತವು ಇಂದಿನ ಇನ್ನೊಂದು ಗೊಂದಲವನ್ನೂ ಬಿಡಿಸುತ್ತದೆ. ಸೀಳುತುಟಿಯ ಮಗುವಿನ ಶಸ್ತ್ರಚಿಕಿತ್ಸೆ, ಕಿವುಡು ಮಗುವಿಗೆ ಶ್ರವಣಸಾಧನದ ಕಸಿ, ಹೃದಯಕ್ಕೆ ಪೇಸ್‌ಮೇಕರ್, ಸುಟ್ಟ ಚರ್ಮಕ್ಕೆ ಕಸಿ ಇವುಗಳನ್ನು ಯಾರೂ ಈ ಪಟ್ಟಿಗೆ ಸೇರಿಸಬಾರದು. ಇವು ಪ್ರಾಣಗಳನ್ನು ಕಾಪಾಡುವ ಕೆಲಸಗಳು. ಔಷಧದಾನದ ಪರಂಪರೆಗೆ ಸೇರಿದವು.

ಹೊರಗಿನಿಂದ ಬಂದು ಮೈಯಲ್ಲಿ ನಾಟಿ ಪೀಡಿಸುವ ಮುಳ್ಳು, ಬಾಣದ ಮೊನೆ ಮೊದಲಾದವನ್ನು ನಮ್ಮ ಪ್ರಾಚೀನರು ಶಲ್ಯವೆಂದು ಕರೆದರು. ಅದನ್ನು ತೆಗೆಯುವ ವಿದ್ಯೆಯೇ ಆಯುರ್ವೇದದ ಶಲ್ಯತಂತ್ರ. ವೈದ್ಯರು ಕಷ್ಟಪಟ್ಟು ಹೊರತೆಗೆಯುತ್ತಿದ್ದ ವಸ್ತುವನ್ನು ಈಗ ಹಣ ಕೊಟ್ಟು ಒಳಗೆ ಇರಿಸಿಕೊಳ್ಳುವ ಕಾಲ ಬಂದಿದೆ. ತತ್ವಾರ್ಥಸೂತ್ರವು ವ್ರತಿಯ ಲಕ್ಷಣವನ್ನು ಹೇಳುವಾಗ ಶಲ್ಯರಾಹಿತ್ಯವನ್ನೇ ಹೇಳುತ್ತದೆ. ಅಲ್ಲಿ ಶಲ್ಯಗಳು ಮೂರು: ಮಾಯಾ, ಮಿಥ್ಯಾ, ನಿದಾನ. ಒಳಗಿರುವುದನ್ನು ಮುಚ್ಚಿ ಹೊರಗೆ ಬೇರೊಂದನ್ನು ತೋರಿಸುವುದು ಮಾಯೆ. ಶರೀರವೇ ನಾನೆಂದು ಬಗೆಯುವುದು ಮಿಥ್ಯೆ. ಭೋಗವನ್ನೂ ಮೆಚ್ಚುಗೆಯನ್ನೂ ಫಲವಾಗಿ ಹಂಬಲಿಸುವುದು ನಿದಾನ. ಹಣೆಯಲ್ಲಿ ಸಿಲಿಕೋನ್ ಸೇರುವ ಮೊದಲೇ ಈ ಮೂರೂ ಮನಸ್ಸಿನಲ್ಲಿ ನಾಟಿರುತ್ತವೆ. ಮೈಯೊಳಗಿನದನ್ನು ಶಸ್ತ್ರವೈದ್ಯರು ತೆಗೆದಾರು. ಮನದೊಳಗಿನದನ್ನು ತೆಗೆಯಲು ವಿವೇಕವೇ ಬೇಕು.

ಜೈನಧರ್ಮವು ದೇಹವನ್ನು ದ್ವೇಷಿಸುತ್ತದೆಯೆಂಬ ತಪ್ಪು ತಿಳಿವಳಿಕೆಯೂ ಇದೆ. ಹನ್ನೆರಡು ಅನುಪ್ರೇಕ್ಷೆಗಳಲ್ಲಿ ಅಶುಚಿತ್ವ ಭಾವನೆಯು ದೇಹದ ಮೇಲಿನ ಮೋಹವನ್ನು ಇಳಿಸಲು ಹೇಳಿದ್ದೇ ಹೊರತು, ದೇಹಕ್ಕೆ ಗಾಯ ಮಾಡಲು ಹೇಳಿದ್ದಲ್ಲ. ಮನುಷ್ಯಭವ ದುರ್ಲಭ. ರತ್ನತ್ರಯದ ಸಾಧನೆಗೆ ಈ ಔದಾರಿಕ ಶರೀರವೇ ಉಪಕರಣ. ಉಪಕರಣವನ್ನು ಪೂಜಿಸಬೇಕಾಗಿಲ್ಲ, ಕೆಡಿಸಲೂ ಬಾರದು. ಪರ್ವತದಿಂದ ಬೀಳುವುದು, ಬೆಂಕಿಯನ್ನು ಹೊಗುವುದು ಪುಣ್ಯವೆಂದು ನಂಬುವುದನ್ನು ಸಮಂತಭದ್ರ ಆಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಲೋಕಮೂಢತೆಯೆಂದು ಎಣಿಸಿದರು. ಲೋಕ ಮಾಡುತ್ತಿದೆಯೆಂಬ ಒಂದೇ ಕಾರಣಕ್ಕೆ ದೇಹವನ್ನು ಅಪಾಯಕ್ಕೆ ಒಡ್ಡುವುದು ಇಂದಿನ ಲೋಕಮೂಢತೆ.

ಅದೇ ಗ್ರಂಥವು ಎಂಟು ಮದಗಳಲ್ಲಿ ದೇಹದ ಮದವನ್ನೂ ಸೇರಿಸಿದೆ. ಸನತ್ಕುಮಾರ ಚಕ್ರವರ್ತಿಯ ಕಥೆಯನ್ನು ವಡ್ಡಾರಾಧನೆಯ ಮೂಲಕ ಕನ್ನಡಿಗರು ಬಲ್ಲರು. ದೇವತೆಗಳೇ ನೋಡಲು ಬಂದಂತಹ ರೂಪ ಅವನದು. ಆ ರೂಪವು ಕ್ಷಣಕ್ಷಣವೂ ಕುಂದುತ್ತಿರುವುದೆಂದು ಅರಿತ ಗಳಿಗೆಯಲ್ಲಿಯೇ ಅವನು ವಿರಕ್ತನಾದನು. ಮುಂದೆ ಮುನಿಯಾಗಿದ್ದಾಗ ರೋಗಗಳು ಮುತ್ತಿದರೂ, ವೈದ್ಯವೇಷದ ದೇವನು ಬಂದು ಚಿಕಿತ್ಸೆ ಕೊಡುತ್ತೇನೆಂದಾಗ, ಜನ್ಮಮರಣದ ರೋಗಕ್ಕೆ ಮದ್ದಿದ್ದರೆ ಕೊಡು ಎಂದು ಕೇಳಿದನು. ಇದ್ದ ರೂಪವನ್ನೇ ಉಳಿಸಿಕೊಳ್ಳಲಾಗದ ದೇಹದಲ್ಲಿ ಇಲ್ಲದ ರೂಪವನ್ನು ಕೆತ್ತಿ ಶಾಶ್ವತಗೊಳಿಸಬಹುದೆಂಬುದು ಎಂಥ ಭ್ರಮೆ!

ಇಷ್ಟು ಹೇಳಿ ಯುವಜನರನ್ನು ಮಾತ್ರ ದೂಷಿಸಿದರೆ ನ್ಯಾಯವಾಗದು. ಹುಟ್ಟಿದ ಮಗುವಿನ ಬಣ್ಣವನ್ನು ತೂಗಿ ನೋಡುವವರು ಹಿರಿಯರೇ. ಕನ್ಯೆಯ ಮೂಗು, ವರನ ಎತ್ತರ, ತಲೆಗೂದಲು ಇವುಗಳನ್ನು ಲೆಕ್ಕ ಹಾಕುವವರೂ ಹಿರಿಯರೇ. ದೇಹವೇ ಬೆಲೆಯ ಅಳತೆಗೋಲೆಂದು ಮನೆಯಲ್ಲಿಯೇ ಕಲಿತ ಮಗು ಆ ಪಾಠವನ್ನು ಇನ್ನೊಂದು ರೀತಿಯಲ್ಲಿ ಬರೆದು ತೋರಿಸುತ್ತಿದೆ. ಎಳೆಯ ಮಗುವಿಗೆ ಕಿವಿ ಚುಚ್ಚಿಸುವುದೂ ಲೋಕವ್ಯವಹಾರವೇ ಹೊರತು ಮೋಕ್ಷಮಾರ್ಗದ ಅಂಗವಲ್ಲ. ಚುಚ್ಚಿಸಲೇಬೇಕೆಂದಿದ್ದರೆ ಶುದ್ಧೀಕರಿಸಿದ ಸೂಜಿಯಿಂದ, ಬಲ್ಲವರ ಕೈಯಿಂದ ಆಗಲಿ.

ಹಿಂಸೆಯು ಕೃತ, ಕಾರಿತ, ಅನುಮೋದನ ಎಂಬ ಮೂರು ಬಾಗಿಲುಗಳಿಂದ ಬರುತ್ತದೆಂದು ಆಗಮವು ಎಚ್ಚರಿಸುತ್ತದೆ. ಸೀಳುವವನು ಕೃತದಲ್ಲಿ, ಸೀಳಿಸಿಕೊಳ್ಳುವವನು ಕಾರಿತದಲ್ಲಿ ಭಾಗಿ. ಮೊಬೈಲಿನಲ್ಲಿ ಆ ದೃಶ್ಯವನ್ನು ನೋಡಿ ಮೆಚ್ಚುಗೆಯ ಗುರುತು ಒತ್ತಿದವನು, ಮತ್ತೊಬ್ಬರಿಗೆ ಕಳುಹಿಸಿದವನು ಅನುಮೋದನದಲ್ಲಿ ಭಾಗಿ. ಸಾವಿರಾರು ಮೆಚ್ಚುಗೆಗಳಿಲ್ಲದಿದ್ದರೆ ಎಷ್ಟೋ ನಾಲಿಗೆಗಳು ಸುರಕ್ಷಿತವಾಗಿರುತ್ತಿದ್ದವು. ಶ್ರಾವಕನು ಬೆರಳ ತುದಿಯಲ್ಲಿಯೂ ಅನರ್ಥದಂಡವಿರತಿಯನ್ನು ಪಾಲಿಸಬೇಕಾದ ಕಾಲವಿದು.

ಮನೆಗಳಲ್ಲಿ ಮಾಡಬಹುದಾದುದೇನು? ಮಗ ಅಥವಾ ಮಗಳು ಇಂಥ ಬಯಕೆಯನ್ನು ಹೇಳಿದಾಗ ಕೂಗಾಡದೆ ಪೂರ್ಣವಾಗಿ ಕೇಳಬೇಕು. ಕೂಗಾಟಕ್ಕೆ ಹೆದರಿದ ಮಕ್ಕಳು ಗುಟ್ಟಾಗಿ ಹೋಗುತ್ತಾರೆ; ಗುಟ್ಟಾಗಿ ಆದ ಗಾಯವು ಕೀವು ತುಂಬಿದ ಮೇಲೆಯೇ ಮನೆಯವರಿಗೆ ತಿಳಿಯುತ್ತದೆ. ಒಂದು ವರ್ಷ ಕಾಯುವ ನಿಯಮವನ್ನು ಅವರೇ ಸ್ವೀಕರಿಸುವಂತೆ ಪ್ರೀತಿಯಿಂದ ಕೇಳಬಹುದು. ಕಾಲಮಿತಿಯುಳ್ಳ ನಿಯಮವು ಶ್ರಾವಕಾಚಾರದ ಹಳೆಯ ಉಪಾಯ. ವರ್ಷದ ಕೊನೆಯಲ್ಲಿ ಎಷ್ಟೋ ಬಯಕೆಗಳು ಉಳಿದಿರುವುದಿಲ್ಲ. ಕಿವಿಯ ಮೃದ್ವಸ್ಥಿಯನ್ನು ಚುಚ್ಚಿದರೆ ಮಾಯಲು ತಿಂಗಳುಗಳು ಬೇಕು, ಸೋಂಕು ತಗುಲಿದರೆ ಕಿವಿಯ ಆಕಾರವೇ ಕೆಡಬಹುದು, ನಾಲಿಗೆಯ ಲೋಹದಿಂದ ಹಲ್ಲು ಒಡೆದು ವಸಡು ಜಾರುತ್ತದೆ ಎಂಬ ವೈದ್ಯಕೀಯ ಸತ್ಯಗಳನ್ನು ಉತ್ಪ್ರೇಕ್ಷೆಯಿಲ್ಲದೆ ತಿಳಿಸಬೇಕು. ಹಚ್ಚೆ ಅಥವಾ ಚುಚ್ಚುವಿಕೆಯ ನಂತರ ಒಂದು ವರ್ಷ ರಕ್ತದಾನ ಮಾಡುವಂತಿಲ್ಲ. ಅಲಂಕಾರವೊಂದು ದಾನದ ಅವಕಾಶವನ್ನು ಕಸಿಯುತ್ತದೆಯೆಂಬುದೂ ಯೋಚಿಸತಕ್ಕ ಮಾತು. 2025ರಲ್ಲಿ ಕರ್ನಾಟಕದ ಆರೋಗ್ಯ ಇಲಾಖೆಯು ಹಚ್ಚೆಯ ಶಾಯಿಗಳನ್ನು ಪರೀಕ್ಷೆಗೆ ಒಳಪಡಿಸಿದಾಗ ಹಲವು ಲೋಹಾಂಶಗಳು ಕಂಡುಬಂದವೆಂದು ಸಚಿವರೇ ತಿಳಿಸಿದ್ದಾರೆ.

ಬಯಕೆಯ ಹಿಂದೆ ತನ್ನ ದೇಹದ ಬಗೆಗಿನ ತೀವ್ರ ಜಿಗುಪ್ಸೆಯೋ ತನಗೆ ತಾನೇ ನೋವು ಕೊಟ್ಟುಕೊಳ್ಳುವ ಅಭ್ಯಾಸವೋ ಕಂಡುಬಂದರೆ ಅಲ್ಲಿ ಉಪದೇಶ ಸಾಲದು. ಮನೋವೈದ್ಯರ ನೆರವು ಬೇಕು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಇದಕ್ಕಾಗಿಯೇ ಇದೆ. ಔಷಧ ಪಡೆಯುವುದು ಶ್ರದ್ಧೆಯ ಕೊರತೆಯಲ್ಲ.

ಈಗಾಗಲೇ ಇಂಥದನ್ನು ಮಾಡಿಸಿಕೊಂಡು ಬಸದಿಯ ಬಾಗಿಲಿಗೆ ಬಂದವರನ್ನು ಕಂಡು ಹುಬ್ಬು ಗಂಟಿಕ್ಕುವುದು ಸಮ್ಯಗ್ದೃಷ್ಟಿಯ ಲಕ್ಷಣವಲ್ಲ. ನಿರ್ವಿಚಿಕಿತ್ಸೆಯು ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಒಂದು. ಸೀಳಿದ ನಾಲಿಗೆಯಿಂದಲೂ ಣಮೋಕಾರವನ್ನು ಜಪಿಸಬಹುದು. ಶಾಯಿ ಇಳಿದಿರುವುದು ಚರ್ಮಕ್ಕೆ. ಅದರೊಳಗಿರುವ ಜೀವದ ಜ್ಞಾನಸ್ವಭಾವಕ್ಕೆ ಯಾವ ಸೂಜಿಯೂ ತಾಗಿಲ್ಲ.

ಶ್ರವಣಬೆಳಗೊಳದ ವಿಂಧ್ಯಗಿರಿಯಲ್ಲಿ ನಿಂತಿರುವ ಬಾಹುಬಲಿಯನ್ನು ಪರಂಪರೆಯು ಪ್ರಥಮ ಕಾಮದೇವನೆಂದು ಕರೆಯುತ್ತದೆ. ಅಷ್ಟು ಚೆಲುವಾದ ದೇಹದ ಮೇಲೆ ಬಳ್ಳಿಗಳು ಹಬ್ಬಿದರೂ ಅವನು ಅದನ್ನು ಸಿಂಗರಿಸಲೂ ಇಲ್ಲ, ಛೇದಿಸಲೂ ಇಲ್ಲ. ಒಂದು ವರ್ಷ ನಿಂತರೂ ಕೇವಲಜ್ಞಾನ ದೊರೆಯದಿದ್ದುದು ಮನಸ್ಸಿನಲ್ಲಿ ಉಳಿದಿದ್ದ ಒಂದು ಸೂಕ್ಷ್ಮ ಶಲ್ಯದಿಂದ. ಅದು ಕಳಚಿದೊಡನೆ ಜ್ಞಾನ ಉದಯಿಸಿತು. ಅವನ ದೇಹದಲ್ಲಿ ಬದಲಾಗಬೇಕಾದುದು ಏನೂ ಇರಲಿಲ್ಲ. ದರ್ಶನಕ್ಕೆ ಬೆಟ್ಟ ಹತ್ತುವ ತಂದೆತಾಯಿಗಳು ಜೊತೆಯಲ್ಲಿರುವ ಮಕ್ಕಳಿಗೆ ಈ ಮಾತನ್ನು ಅಲ್ಲಿಯೇ, ಆ ಮೂರ್ತಿಯ ಮುಂದೆಯೇ ಹೇಳುವುದು ಒಳಿತು.