ಚಿತ್ರಕ್ಕೊಂದು ನಾಂದಿ

ಕಳೆದ ತಿಂಗಳು ಒಂದು ಭಾನುವಾರ ಸಾಯಂಕಾಲ ನಾವು ದೊಡ್ಡಬಳ್ಳಾಪುರದ ನಮ್ಮ ಮನೆಯ ಜಗುಲಿಯ ಮೇಲೆ ಕುಳಿತಿದ್ದಾಗ ಕಾಲೇಜಿನಲ್ಲಿ ಓದುವ ನಾಲ್ವರು, ಮೂವರು ಹುಡುಗರು ಮತ್ತು ಒಬ್ಬ ಹುಡುಗಿ, ಬಂದು ನಮಸ್ಕರಿಸಿ ನಿಂತರು. ಅವರಲ್ಲಿ ಇಬ್ಬರು ನಮ್ಮ ಕೈಯಲ್ಲಿ ಶಬ್ದರೂಪಗಳನ್ನು ಕಲಿತವರು. ಬಂದ ಕಾರ್ಯವೇನೆಂದು ಕೇಳಿದೆವು. ಹತ್ತು ನಿಮಿಷದ ಒಂದು ಚಲಚ್ಚಿತ್ರವನ್ನು ಮೊಬೈಲಿನಲ್ಲಿಯೇ ತೆಗೆಯುವರಂತೆ. ಅದು ‘ಸೈಕಲಾಜಿಕಲ್ ಥ್ರಿಲ್ಲರ್’ ಎಂಬ ಜಾತಿಯದಂತೆ. ಅದರ ಮೊದಲ ಎರಡು ನಿಮಿಷ ಹೇಗಿರಬೇಕೆಂಬುದರಲ್ಲಿ ನಾಲ್ವರಿಗೂ ನಾಲ್ಕು ಮತವಂತೆ. “ನಾಟಕ ಹೇಗೆ ಶುರುವಾಗಬೇಕು ಅಂತ ಕ್ಲಾಸಿನಲ್ಲಿ ಹೇಳ್ತಿದ್ರಲ್ಲ ಮೇಷ್ಟ್ರೇ, ಅದಕ್ಕೇ ಬಂದ್ವಿ” ಎಂದನು ಒಬ್ಬ. ಪಾಠವು ಒಬ್ಬನಿಗಾದರೂ ನೆನಪಿರುವುದನ್ನು ಕಂಡು ನಮಗೆ ಸಂತೋಷವಾಯಿತೆಂದು ವಾಚಕರಲ್ಲಿ ಒಪ್ಪಿಕೊಳ್ಳುತ್ತೇವೆ.

ಅವರು ತಂದಿದ್ದ ಕಾಗದದಲ್ಲಿ ಆರಂಭವು ಹೀಗಿತ್ತು: ಅಮಾವಾಸ್ಯೆಯ ರಾತ್ರಿ, ಗುಡುಗು, ಸಿಡಿಲು, ಪಾಳುಮನೆ, ಕೂದಲು ಬಿಚ್ಚಿಕೊಂಡ ಒಬ್ಬ ಹೆಂಗಸಿನ ನಗೆ, ಕೈಯಲ್ಲಿ ಚೂರಿ, ಒಂದು ಚೀತ್ಕಾರ, ಕೆಂಪಕ್ಷರದಲ್ಲಿ ಚಿತ್ರದ ಹೆಸರು.

ನಾವು ಕಾಗದವನ್ನು ಮಡಚಿ ಕೇಳಿದೆವು: “ಅಪ್ಪ, ಇದನ್ನು ನೋಡಿದವನಿಗೆ ಏನಾಗಬೇಕು?” “ಹೆದರಿಕೆ” ಎಂದರು. “ಎಷ್ಟು ಹೊತ್ತು?” ಎಂದೆವು. ಯಾರೂ ಮಾತನಾಡಲಿಲ್ಲ.

ಭರತಮುನಿಯ ನಾಟ್ಯಶಾಸ್ತ್ರವು ಮನಸ್ಸಿನ ಭಾವಗಳನ್ನು ವಿಂಗಡಿಸುವಾಗ ಸ್ಥಾಯಿಗಳೆಂದು ಎಂಟನ್ನೂ, ವ್ಯಭಿಚಾರಿ ಅಥವಾ ಸಂಚಾರಿಗಳೆಂದು ಮೂವತ್ತಮೂರನ್ನೂ ಹೇಳುತ್ತದೆ. ಸ್ಥಾಯಿಯು ಮನೆಯ ಯಜಮಾನನಿದ್ದಂತೆ. ಸಂಚಾರಿಗಳು ಬಂದು ಹೋಗುವ ನೆಂಟರಿದ್ದಂತೆ. ಈ ಮೂವತ್ತಮೂರರಲ್ಲಿ ‘ತ್ರಾಸ’ವೆಂಬುದು ಒಂದು, ‘ಶಂಕೆ’ಯೆಂಬುದು ಇನ್ನೊಂದು. ಸಿಡಿಲು, ಗುಡುಗು ಮುಂತಾದುವುಗಳಿಂದ ಮೈ ಥಟ್ಟನೆ ಬೆಚ್ಚುವುದು ತ್ರಾಸ. ಅದು ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯಿತು. ‘ಏನೋ ಸರಿಯಿಲ್ಲ, ಏನೆಂದು ತಿಳಿಯದು’ ಎಂದು ಮನಸ್ಸು ಹಿಂದಕ್ಕೂ ಮುಂದಕ್ಕೂ ತೂಗಾಡುವುದು ಶಂಕೆ. ಅದನ್ನು ಎಷ್ಟು ಹೊತ್ತು ಬೇಕಾದರೂ ಕಾಪಾಡಬಹುದು. ಹಿಚ್‌ಕಾಕ್ ಎಂಬ ಪ್ರಸಿದ್ಧ ನಿರ್ದೇಶಕನೂ ತ್ರೂಫೋ ಎಂಬ ಫ್ರೆಂಚ್ ನಿರ್ದೇಶಕನೊಡನೆ ನಡೆಸಿದ ಸಂಭಾಷಣೆಯಲ್ಲಿ ಇದನ್ನೇ ಬೇರೆ ಮಾತಿನಲ್ಲಿ ಹೇಳಿದ್ದಾನೆ. ಇಬ್ಬರು ಮೇಜಿನ ಬಳಿ ಕುಳಿತು ಹರಟುತ್ತಿರುವಾಗ ಕೆಳಗಿದ್ದ ಬಾಂಬು ಒಮ್ಮೆಗೇ ಸಿಡಿದರೆ ಪ್ರೇಕ್ಷಕನಿಗೆ ಹದಿನೈದು ಸೆಕೆಂಡಿನ ಬೆರಗು. ಬಾಂಬಿರುವುದು ಪ್ರೇಕ್ಷಕನಿಗೆ ಮೊದಲೇ ತಿಳಿದಿದ್ದರೆ ಅದೇ ಹರಟೆಯು ಹದಿನೈದು ನಿಮಿಷದ ಕಾತರ. ಈ ಮಕ್ಕಳ ಕಾಗದದಲ್ಲಿದ್ದುದೆಲ್ಲ ತ್ರಾಸವೇ ಹೊರತು ಶಂಕೆಯ ಲೇಶವೂ ಇರಲಿಲ್ಲ.

ಶಂಕೆಯನ್ನು ಬಿತ್ತುವುದು ಹೇಗೆ? ಇಲ್ಲಿ ನಮಗೆ ಕಾಳಿದಾಸನಿಗಿಂತ ದೊಡ್ಡ ಗುರುವಿಲ್ಲ. ಅಭಿಜ್ಞಾನಶಾಕುಂತಲದ ಪ್ರಸ್ತಾವನೆಯಲ್ಲಿ ನಟಿಯು ಗ್ರೀಷ್ಮ ಋತುವನ್ನು ಕುರಿತು ಹಾಡುತ್ತಾಳೆ. ಸೂತ್ರಧಾರನು ಹಾಡಿಗೆ ಮನಸೋತು, ‘ಈಗ ಯಾವ ನಾಟಕವನ್ನು ಆಡೋಣ?’ ಎಂದು ಕೇಳುತ್ತಾನೆ. ‘ಶಾಕುಂತಲವೆಂದು ಮೊದಲೇ ಹೇಳಿದಿರಲ್ಲ’ ಎಂದು ಅವಳು ನೆನಪಿಸುತ್ತಾಳೆ. ಮರೆತೇ ಹೋಗಿತ್ತೆಂದು ಅವನು ಒಪ್ಪಿಕೊಳ್ಳುತ್ತಾನೆ. ಸಭೆಯು ನಕ್ಕು ಸುಮ್ಮನಾಗುತ್ತದೆ. ಆದರೆ ಆ ನಾಟಕವೆಲ್ಲ ಒಬ್ಬ ಅರಸನ ಮರೆವಿನ ಕಥೆಯೇ ಅಲ್ಲವೆ? ಬರಲಿರುವ ಮಹಾವಿಪತ್ತಿನ ಬೀಜವನ್ನು ಕವಿಯು ಗಂಡಹೆಂಡಿರ ಒಂದು ಸಣ್ಣ ಮಾತಿನಲ್ಲಿ, ನಗೆಯಲ್ಲಿ ಅಡಗಿಸಿಟ್ಟಿದ್ದಾನೆ. ಮುದ್ರಾರಾಕ್ಷಸದಲ್ಲಿ ವಿಶಾಖದತ್ತನು ಇನ್ನೊಂದು ಉಪಾಯ ಮಾಡಿದ್ದಾನೆ. ಗ್ರಹಣದ ಸಂತರ್ಪಣೆಗಾಗಿ ಅಡುಗೆಯ ಸಂಭ್ರಮದಲ್ಲಿರುವ ಮನೆ. ಚಂದ್ರನನ್ನು ಕ್ರೂರಗ್ರಹವು ಹಿಡಿಯಲೆಳಸುವುದೆಂಬ ಸೂತ್ರಧಾರನ ಮಾತು. ಕೂಡಲೇ ನೇಪಥ್ಯದಿಂದ, ನಾನಿರುವಾಗ ಚಂದ್ರನನ್ನು ಮುಟ್ಟುವವನಾರೆಂಬ ಗರ್ಜನೆ. ಚಾಣಕ್ಯನನ್ನು ಕಾಣುವ ಮೊದಲೇ ಕಿವಿಯಲ್ಲಿ ಅವನ ಭಯವು ತುಂಬಿತು. ಎರಡು ನಾಟಕಗಳೂ ಹೊರಟಿದ್ದು ನಿತ್ಯದ ಸಂಸಾರದಿಂದ, ಪಾಳುಮನೆಯಿಂದಲ್ಲ.

“ಅದೆಲ್ಲ ಹಳೇ ಕಾಲದ್ದು ಮೇಷ್ಟ್ರೇ” ಎಂದನು ಕನ್ನಡಕದ ಹುಡುಗ. ಹೊಸ ಕಾಲವನ್ನೇ ನೋಡೋಣವೆಂದೆವು. 1960ರಲ್ಲಿ ಬಂದ ‘ಸೈಕೋ’ ಚಿತ್ರದಲ್ಲಿ ಹಿಚ್‌ಕಾಕನು ಮೊದಲು ತೋರುವುದು ಹಗಲು ಬೆಳಕಿನ ಒಂದು ಪಟ್ಟಣವನ್ನು. ಪರದೆಯ ಮೇಲೆ ಊರಿನ ಹೆಸರು, ವಾರ, ತಾರೀಖು, ಕೊನೆಗೆ ಮಧ್ಯಾಹ್ನ 2 ಘಂಟೆ 43 ನಿಮಿಷವೆಂಬ ವೇಳೆ. ಲೆಕ್ಕದ ಪುಸ್ತಕದಂಥ ಈ ಖಚಿತತೆಯೇ ಮನಸ್ಸಿಗೆ ಕಸಿವಿಸಿಯನ್ನುಂಟುಮಾಡುತ್ತದೆ. ಅವನನ್ನು ಅನುಕರಿಸಿದವರು ಚೂರಿಯನ್ನು ಎತ್ತಿಕೊಂಡರು, ಆ ಹಗಲನ್ನು ಬಿಟ್ಟುಬಿಟ್ಟರು. ನಮ್ಮಲ್ಲಿಯೇ 2013ರಲ್ಲಿ ಪವನ್ ಕುಮಾರ್ ಅವರು ಸಾರ್ವಜನಿಕರಿಂದ ಹಣ ಕೂಡಿಸಿ ತೆಗೆದ ‘ಲೂಸಿಯಾ’ ಚಿತ್ರವು, ಆಸ್ಪತ್ರೆಯಲ್ಲಿ ಯಂತ್ರಗಳ ಆಧಾರದಿಂದ ಉಸಿರಾಡುತ್ತ ಪ್ರಜ್ಞೆಯಿಲ್ಲದೆ ಮಲಗಿದ ಒಬ್ಬನಿಂದ ಮೊದಲಾಗುತ್ತದೆ. ಇವನು ಯಾರು, ಈ ಸ್ಥಿತಿ ಹೇಗೆ ಬಂತು ಎಂಬ ಪ್ರಶ್ನೆಯೇ ನಮ್ಮನ್ನು ಕೊನೆಯವರೆಗೆ ಎಳೆದೊಯ್ಯುತ್ತದೆ.

ಮಕ್ಕಳು ತಲೆದೂಗಿದರು. ಆಮೇಲೆ ನಾವು ಕೇಳಬೇಕಾಗಿದ್ದ ಮುಖ್ಯ ಪ್ರಶ್ನೆಯನ್ನು ಕೇಳಿದೆವು: “ಕೂದಲು ಬಿಚ್ಚಿಕೊಂಡು ನಗುವ ಆ ಹೆಂಗಸು ಯಾರು?”

“ಅವಳು ಹುಚ್ಚಿ, ಮೇಷ್ಟ್ರೇ. ಅಷ್ಟೇ.”

ಈ ‘ಅಷ್ಟೇ’ ಎಂಬ ಮಾತು ನಮ್ಮನ್ನು ಚುಚ್ಚಿತು. ಭರತನ ಮೂವತ್ತಮೂರು ಸಂಚಾರಿಗಳಲ್ಲಿ ‘ಉನ್ಮಾದ’ವೂ ಒಂದು. ಆ ಋಷಿಯು ಉನ್ಮಾದವನ್ನು ಸ್ಥಾಯಿಗಳ ಸಾಲಿನಲ್ಲಿ ಇಡಲಿಲ್ಲ. ನಿದ್ರೆ, ಆಯಾಸ, ನಾಚಿಕೆಗಳ ಜೊತೆಯಲ್ಲಿ, ಬಂದು ಹೋಗುವುದರ ಸಾಲಿನಲ್ಲಿ ಇಟ್ಟನು. ಅವನು ಹೇಳಿದ್ದು ನಾಟಕದ ಮಾತು, ವೈದ್ಯದ ಮಾತಲ್ಲ, ನಿಜ. ದೀರ್ಘಕಾಲ ನಿಲ್ಲುವ ಮನೋರೋಗಗಳೂ ಉಂಟು. ಆದರೂ ರೋಗವು ಮನುಷ್ಯನಿಗೆ ಬರುವುದೇ ಹೊರತು ಮನುಷ್ಯನೇ ರೋಗವಲ್ಲವೆಂಬ ವಿವೇಕವು ಆ ಪಟ್ಟಿಯಲ್ಲಿ ಅಡಗಿದೆ. ಲೋಕವು ಮಾಡುವ ತಪ್ಪೆಂದರೆ ಸಂಚಾರಿಯನ್ನು ಸ್ಥಾಯಿಯೆಂದು ತಿಳಿಯುವುದು. ಮೈಸೂರಿನಲ್ಲಿ ಮನಶ್ಶಾಸ್ತ್ರವನ್ನು ಓದಿದ ತ್ರಿವೇಣಿಯವರು ‘ಶರಪಂಜರ’ದಲ್ಲಿ ಬರೆದದ್ದು ಇದನ್ನೇ, 1972ರಲ್ಲಿ ಪುಟ್ಟಣ್ಣ ಕಣಗಾಲರು ಅದನ್ನು ತೆರೆಗೆ ತಂದರು. ಹೆರಿಗೆಯ ತರುವಾಯ ಬುದ್ಧಿ ಕಲಕಿದ ಕಾವೇರಿಯು ಆಸ್ಪತ್ರೆಯಲ್ಲಿ ಗುಣಹೊಂದಿ ಮನೆಗೆ ಬರುತ್ತಾಳೆ. ಅವಳು ಗುಣವಾಗಿದ್ದಾಳೆಂದು ಒಪ್ಪಲು ಸಿದ್ಧರಿಲ್ಲದ ಗಂಡನೂ ನೆರೆಹೊರೆಯೂ ಅವಳನ್ನು ಮತ್ತೆ ಅಲ್ಲಿಗೇ ಅಟ್ಟುತ್ತಾರೆ.

ಇಷ್ಟು ಹೇಳಿ ನಿಲ್ಲಿಸಬಹುದಾಗಿತ್ತು. ಆದರೆ ಮಕ್ಕಳ ಮುಂದೆ ಶಾಸ್ತ್ರವನ್ನು ಹೇಳಿ ಸ್ವಂತದ್ದನ್ನು ಮುಚ್ಚಿಡುವುದು ಸರಿಯೆನಿಸಲಿಲ್ಲ. ಹಾಗೆ ಒಳಗಿನದನ್ನು ಮರೆಮಾಚುವುದಕ್ಕೂ ‘ಅವಹಿತ್ಥ’ವೆಂದು ಭರತನು ಹೆಸರಿಟ್ಟಿದ್ದಾನೆ.

ಸುಮಾರು 1975ರ ಮಾತು. ನಮಗೆ ಆಗ ಹತ್ತು ವರ್ಷ. ನಮ್ಮ ಸೋದರತ್ತೆಯವರು ಎರಡನೆಯ ಬಾಣಂತನಕ್ಕೆ ತವರಿಗೆ ಬಂದಿದ್ದರು. ಹೆರಿಗೆಯಾದ ಮೂರನೆಯ ವಾರದಲ್ಲಿ ಅವರಿಗೆ ನಿದ್ರೆ ಹೋಯಿತು, ಮಾತು ದಿಕ್ಕುತಪ್ಪಿತು. ಬೆಂಗಳೂರಿನ ಆಸ್ಪತ್ರೆಯಲ್ಲಿ ಎರಡು ತಿಂಗಳಿದ್ದು, ಸಂಪೂರ್ಣವಾಗಿ ಗುಣಹೊಂದಿ ಹಿಂದಿರುಗಿದರು. ಅವರು ಬರುವ ಹಿಂದಿನ ದಿನ ನಮ್ಮ ಅಜ್ಜಿ ಅಡುಗೆಮನೆಯ ಈಳಿಗೆಮಣೆಯನ್ನು ಎತ್ತಿ ಅಟ್ಟದ ಮೇಲೆ ಇರಿಸಿದರು. ಏಣಿ ಹಿಡಿದುಕೊಂಡಿದ್ದವರು ನಾವೇ. ಮರುದಿನ ಅತ್ತೆ ಸೊಪ್ಪು ಹೆಚ್ಚಲು ಕುಳಿತು, ಗೋಡೆಯ ಮೂಲೆಯನ್ನು ನೋಡಿ, “ಮಗು, ಈಳಿಗೆಮಣೆ ಎಲ್ಲಿ?” ಎಂದು ನಮ್ಮನ್ನು ಕೇಳಿದರು. ನಾವು “ಗೊತ್ತಿಲ್ಲ ಅತ್ತೆ” ಎಂದೆವು. ಅವರು ನಮ್ಮ ಮುಖವನ್ನು ಸ್ವಲ್ಪ ಹೊತ್ತು ನೋಡಿ, ಸೊಪ್ಪನ್ನು ಕೈಯಿಂದಲೇ ಮುರಿದು ಹಾಕಿದರು. ಮತ್ತೆ ಕೇಳಲಿಲ್ಲ. ಕೆಲವು ದಿನಗಳಾದ ಮೇಲೆ ‘ಶರಪಂಜರ’ವು ಟೆಂಟಿಗೆ ಬಂದಾಗ ಮನೆಯ ಹೆಂಗಸರೆಲ್ಲ ಹೋಗಿ ನೋಡಿ ಕಣ್ಣು ಕೆಂಪಗೆ ಮಾಡಿಕೊಂಡು ಬಂದರು. ಅತ್ತೆಯವರನ್ನು ಮಾತ್ರ ಕರೆದುಕೊಂಡು ಹೋಗಲಿಲ್ಲ. ಈಳಿಗೆಮಣೆಯು ಆ ರಾತ್ರಿಯೂ ಅಟ್ಟದ ಮೇಲೆಯೇ ಇತ್ತು. ಆಮೇಲೆ ಅವರು ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಬಾಳಿ, ಮಕ್ಕಳ ಮದುವೆ ಮಾಡಿ, ಮೊಮ್ಮಕ್ಕಳನ್ನು ಎತ್ತಿ ಆಡಿಸಿ ಕಣ್ಮುಚ್ಚಿದರು. ನಾವು ಸುಳ್ಳು ಹೇಳಿದೆವೆಂದು ಅವರಲ್ಲಿ ಒಪ್ಪಿಕೊಳ್ಳುವ ಧೈರ್ಯ ನಮಗೆ ಬರಲೇ ಇಲ್ಲ.

ಮಕ್ಕಳು ಬಹಳ ಹೊತ್ತು ಸುಮ್ಮನಿದ್ದರು. ಕನ್ನಡಕದ ಹುಡುಗನು ಮೆಲ್ಲಗೆ, “ಆದ್ರೆ ಮೇಷ್ಟ್ರೇ, ನಮ್ಮದು ಥ್ರಿಲ್ಲರ್. ಅಳಿಸೋ ಕಥೆ ಆಗಿಬಿಟ್ರೆ?” ಎಂದನು. ಅದಕ್ಕೆ ನಾವು ಉತ್ತರ ಹೇಳುವ ಮೊದಲೇ ಆ ಹುಡುಗಿಯು, “ಇಲ್ಲ ಕಣೋ, ಇದೇ ಹೆಚ್ಚು ಭಯ. ಮನೆಯೋರೆಲ್ಲ ತನ್ನನ್ನ ನೋಡಿ ಏನೋ ಬಚ್ಚಿಡ್ತಿದಾರೆ ಅಂದ್ರೆ ಹೇಗಿರುತ್ತೆ ಯೋಚನೆ ಮಾಡು” ಎಂದಳು. ಶಿಷ್ಯೆಯು ಗುರುವನ್ನು ಮೀರಿಸಿದ ಘಳಿಗೆ ಅದು.

ಅಲ್ಲಿಂದ ಕೆಲಸವು ಬೇಗ ಸಾಗಿತು. ಒಂದು ದೊಡ್ಡ ಕಾಗದದ ಮೇಲೆ ಎಂಟು ಚೌಕಗಳನ್ನು ಎಳೆದು, ಪ್ರತಿಯೊಂದರ ಕೆಳಗೆ ‘ಕಾಣುವುದು’, ‘ಕೇಳುವುದು’, ‘ಮುಚ್ಚಿಡುವುದು’ ಎಂದು ಮೂರು ಸಾಲು ಬರೆಯಲು ಹೇಳಿದೆವು. ನೂರಿಪ್ಪತ್ತು ಸೆಕೆಂಡುಗಳಿಗೆ ಎಂಟು ಚೌಕವಾದರೆ ಒಂದೊಂದಕ್ಕೆ ಹದಿನೈದು ಸೆಕೆಂಡು. ಈ ಲೆಕ್ಕವಿಲ್ಲದೆ ಯಂತ್ರವನ್ನು ಕೈಗೆತ್ತಿಕೊಂಡರೆ ರಾತ್ರಿಯಿಡೀ ತೆಗೆದರೂ ಬೆಳಗ್ಗೆ ಕೈಗೆ ಹತ್ತುವುದು ಸ್ವಲ್ಪ.

ಮೊದಲ ಚೌಕವು ಬರಿಯ ಕತ್ತಲು. ಕೇಳುವುದು ಮಗ್ಗದ ಸದ್ದು. ನಮ್ಮೂರಿಗೆ ಇದಕ್ಕಿಂತ ಒಪ್ಪುವ ನೇಪಥ್ಯಧ್ವನಿ ಇನ್ನಾವುದು? ಎರಡನೆಯದರಲ್ಲಿ ದೀಪದ ಕೆಳಗೆ ಅತ್ತಿಂದಿತ್ತ ಓಡುವ ಲಾಳಿ. ಮೂರನೆಯದರಲ್ಲಿ ಪಕ್ಕದ ಕೋಣೆಯಲ್ಲಿ ಆ ಸದ್ದಿನ ನಡುವೆಯೇ ಸುಖವಾಗಿ ಮಲಗಿದ ಸಂಸಾರ. ನಾಲ್ಕನೆಯದರಲ್ಲಿ ಕರೆಂಟು ಹೋಗಿ ಮಗ್ಗ ನಿಲ್ಲುತ್ತದೆ. ಒಬ್ಬೊಬ್ಬರೇ ಕಣ್ಣು ತೆರೆಯುತ್ತಾರೆ. ಮಗ್ಗದ ಮನೆಯವರಿಗೆ ಸದ್ದಿನಿಂದ ಎಚ್ಚರವಾಗುವುದಿಲ್ಲ, ಸದ್ದು ನಿಂತರೆ ಎಚ್ಚರವಾಗುತ್ತದೆ ಎಂಬುದು ನಮ್ಮೂರಿನ ಮಕ್ಕಳಿಗೆಲ್ಲ ಗೊತ್ತು. ಐದನೆಯದರಲ್ಲಿ ಮೊದಲೇ ಎದ್ದು ಕುಳಿತಿರುವ ಸೊಸೆ. ಪಕ್ಕದಲ್ಲಿ ಇನ್ನೂ ಬಿಚ್ಚದ ಚೀಲ, ಔಷಧದ ಪೊಟ್ಟಣ. ಆರನೆಯದರಲ್ಲಿ ಅಳುವ ಮಗುವಿಗೆಂದು ಅವಳು ಅಡುಗೆಮನೆಯಲ್ಲಿ ಒಂದು ದೇವನಹಳ್ಳಿಯ ಚಕ್ಕೋತವನ್ನು ಕೈಗೆತ್ತಿಕೊಳ್ಳುತ್ತಾಳೆ. ಆ ದಪ್ಪ ಸಿಪ್ಪೆಗೆ ಅಲಗು ಬೇಕೇ ಬೇಕು. ಏಳನೆಯದು ಮೂಲೆಯಲ್ಲಿ ಈಳಿಗೆಮಣೆ ಇದ್ದ ಜಾಗ. ಧೂಳಿನ ನಡುವೆ ಅದರ ಆಕಾರ ಮಾತ್ರ. ಎಂಟನೆಯದರಲ್ಲಿ ಅವಳು ತಿರುಗಿದರೆ ಬಾಗಿಲಲ್ಲಿ ನಿಂತ ಅತ್ತೆ. ಅಷ್ಟರಲ್ಲಿ ಕರೆಂಟು ಬಂದು, ಸ್ವಿಚ್ಚು ಆರಿಸದೆ ಬಿಟ್ಟಿದ್ದ ಮಗ್ಗವು ತಾನಾಗಿ ಆಡತೊಡಗುತ್ತದೆ. ಚಿತ್ರದ ಹೆಸರು. ಒಂದು ಮಾತೂ ಇಲ್ಲ. ಯಾರಿಗೆ ಯಾರು ಹೆದರಬೇಕೆಂಬುದೂ ತಿಳಿಯುವುದಿಲ್ಲ.

ಇದೆಲ್ಲವನ್ನು ವಿವರಿಸಲು ಆರಂಭದಲ್ಲಿ ಒಬ್ಬ ಸೂತ್ರಧಾರನ ದನಿಯಿರಲೆಂದು ನಾವು ಸೂಚಿಸಿದೆವು. ನಾಲ್ವರೂ ಒಕ್ಕೊರಲಿನಿಂದ ಬೇಡವೆಂದರು. “ಹೇಳಿಬಿಟ್ರೆ ಶಂಕೆ ಎಲ್ಲಿ ಉಳಿಯುತ್ತೆ ಮೇಷ್ಟ್ರೇ?” ನಮ್ಮ ಬಾಣವನ್ನೇ ನಮಗೆ ತಿರುಗಿಸಿದರು; ನಾವು ಸೋತೆವು. ಮಗ್ಗದ ಸದ್ದನ್ನು ಬೇರೆಯಾಗಿ ದಾಖಲಿಸುವುದು, ಹಗಲಲ್ಲೇ ಕಿಟಕಿಗಳಿಗೆ ಕಪ್ಪು ಬಟ್ಟೆ ಕಟ್ಟಿ ರಾತ್ರಿಯನ್ನು ಮಾಡುವುದು ಮುಂತಾದ ಯುಕ್ತಿಗಳೆಲ್ಲ ಅವರವೇ.

ಹೊರಡುವಾಗ ಆ ಹುಡುಗಿಯು, “ಮೇಷ್ಟ್ರೇ, ನಿಮ್ಮ ಮನೇಲಿ ಹಳೇ ಈಳಿಗೆಮಣೆ ಇದ್ರೆ ಎರಡು ದಿನಕ್ಕೆ ಕೊಡ್ತೀರಾ?” ಎಂದು ಕೇಳಿದಳು. “ಗೋಡೆ ಹತ್ರ ಇಟ್ಟು ಧೂಳು ಬೀಳಿಸಿ ಎತ್ತಬೇಕು.” ನಮ್ಮ ಮನೆಯವರು ಅಡುಗೆಮನೆಯಿಂದ ಅದನ್ನು ತಂದುಕೊಟ್ಟರು. ಅದೇ ಮಣೆ, ಅಲಗನ್ನು ಮಾತ್ರ ಎರಡು ಸಲ ಬದಲಾಯಿಸಿದೆ. ನಾವು ಅದನ್ನು ಹೇಳಲಿಲ್ಲ.

ಈ ಪುಟವನ್ನು ಓದುವ ಗೃಹಸ್ಥರಲ್ಲಿ ಸಿನಿಮಾ ತೆಗೆಯುವವರು ಕೆಲವರೇ ಇರಬಹುದು. ಆದರೆ ಆಸ್ಪತ್ರೆಯಿಂದ ಗುಣಹೊಂದಿ ಬಂದವರನ್ನು ಮನೆಗೆ ಬರಮಾಡಿಕೊಳ್ಳುವ ಸಂದರ್ಭವು ಯಾವ ಮನೆಗೂ ಬರಬಹುದು. ಅಂಥವರ ಮೊದಲ ದಿನವೂ ಒಂದು ಆರಂಭದೃಶ್ಯವೇ. ಅದರ ಬೀಜವನ್ನು ಬಿತ್ತುವವರು ಮನೆಯವರು. ವೈದ್ಯರು ಹೇಳಿದ ಎಚ್ಚರಿಕೆಗಳನ್ನು ಪಾಲಿಸತಕ್ಕದ್ದೇ ಸರಿ; ಆದರೆ ಅವರನ್ನು ಕೇಳಿ, ಬಂದವರಿಗೂ ತಿಳಿಸಿ ಪಾಲಿಸಬೇಕು. ಬಂದವರು ಏನನ್ನಾದರೂ ಕೇಳಿದಾಗ ‘ಗೊತ್ತಿಲ್ಲ’ವೆಂದು ಹೇಳುವ ಕೆಲಸಕ್ಕೆ ಹತ್ತು ವರ್ಷದ ಮಗುವನ್ನು ಮಾತ್ರ ನಿಲ್ಲಿಸಬೇಡಿ.