ಹೂಂಗುಟ್ಟೋಕೊಂದು ಬಟನ್

ಕಷ್ಟ ಹೇಳಿಕೊಳ್ಳೋಕೆ ಅಂತಲೇ ಇರೋ ಆನ್‌ಲೈನ್ ಗುಂಪುಗಳಲ್ಲಿ 'ಲೈಕ್' ಬಟನ್ ಇರಬೇಕಾ, ಬೇಡ್ವಾ? ಕೇಳೋಕೆ ಸಣ್ಣ ಪ್ರಶ್ನೆ. ಆದರೆ ಎರಡು ತಿಂಗಳಿಂದ ನನ್ನ ಶನಿವಾರ ಭಾನುವಾರಗಳನ್ನೆಲ್ಲ ಇದೇ ತಿಂದು ಹಾಕ್ತಿದೆ.

ಹಿನ್ನೆಲೆ ಹೇಳಿಬಿಡ್ತೀನಿ. ನನ್ನ ಅಕ್ಕನ ಮಗನಿಗೆ ಏಳನೇ ವಯಸ್ಸಿಗೆ ಟೈಪ್ 1 ಡಯಾಬಿಟಿಸ್ ಅಂತ ಗೊತ್ತಾಯ್ತು. ಸಿಹಿ ತಿಂದು ಬರೋದಲ್ಲ ಇದು. ದೇಹದ ರೋಗನಿರೋಧಕ ವ್ಯವಸ್ಥೆಯೇ ಇನ್ಸುಲಿನ್ ತಯಾರಿಸೋ ಜೀವಕೋಶಗಳನ್ನ ನಾಶ ಮಾಡಿಬಿಡುತ್ತೆ, ಆಮೇಲೆ ಇನ್ಸುಲಿನ್ ಹೊರಗಿನಿಂದಲೇ ಕೊಡಬೇಕು. ದಿನಕ್ಕೆ ನಾಲ್ಕು ಇಂಜೆಕ್ಷನ್, ಬೆರಳು ಚುಚ್ಚಿ ಶುಗರ್ ನೋಡೋದು, ರಾತ್ರಿ ಎರಡೂವರೆಗೆ ಅಲಾರಂ. ಇಂಥ ಮಕ್ಕಳ ಅಪ್ಪ ಅಮ್ಮಂದಿರದ್ದೇ ಒಂದು ಗುಂಪಿದೆ, ಅಕ್ಕ ಅದರಲ್ಲಿದ್ದಾಳೆ. ವಾಟ್ಸಾಪಿನಲ್ಲಿ ಗುಡ್ ಮಾರ್ನಿಂಗ್ ಗುಲಾಬಿಗಳ ನಡುವೆ ಕೆಲಸದ ಮಾತೆಲ್ಲ ಕೊಚ್ಚಿಕೊಂಡು ಹೋಗ್ತಿದೆ ಅಂತ ಅವರಿಗೆ ಸ್ವಂತದ್ದೊಂದು ಜಾಗ ಬೇಕಾಯ್ತು. "ನೀನು ಸಾಫ್ಟ್‌ವೇರಲ್ವೇನೋ, ಮಾಡಿಕೊಡು" ಅಂದ್ಲು. (ಸಾಫ್ಟ್‌ವೇರ್ ಅಂದ್ರೆ ಪ್ರಿಂಟರ್ ರಿಪೇರಿಯಿಂದ ಹಿಡಿದು ಎಲ್ಲಾ ಬರುತ್ತೆ ಅನ್ನೋದು ನಮ್ಮ ಮನೆಯವರ ಅಚಲ ನಂಬಿಕೆ :-) ) ಗೆಳೆಯನೊಬ್ಬನನ್ನೂ ಎಳೆದುಕೊಂಡು ಶುರು ಮಾಡಿದೆ.

ಎಲ್ಲಾ ಸರಾಗವಾಗಿ ನಡೀತಿತ್ತು, ಬಟನ್ ವಿಷಯ ಬರೋ ತನಕ. "ಬಟನ್ ಇಲ್ದಿದ್ರೆ ನಾನು ಬರೆದದ್ದನ್ನ ಯಾರಾದರೂ ಓದಿದ್ರಾ ಅಂತ ಹೆಂಗೆ ಗೊತ್ತಾಗುತ್ತೆ?" ಅಂದ್ರು ಒಬ್ಬ ಅಪ್ಪ. "ಮಗು ಐಸಿಯುನಲ್ಲಿದೆ ಅಂತ ಬರೆದ್ರೆ ಹೆಬ್ಬೆರಳು ಎತ್ತಿ ತೋರಿಸ್ತಾರೆ, ಅದಕ್ಕಿಂತ ಯಾರೂ ಏನೂ ಮಾಡದೆ ಇರೋದೇ ವಾಸಿ" ಅಂದ್ರು ಒಬ್ಬ ಅಮ್ಮ. ಇಬ್ಬರೂ ಹೇಳಿದ್ದು ನಿಜವೇ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ: ಬಟನ್ ಇರಲಿ, ಆದರೆ ಅದರ ಪಕ್ಕ ಅಂಕಿ ಬೇಡ.

ಹೆಬ್ಬೆರಳಿನ ಸಮಸ್ಯೆ ಹೊಸದೇನಲ್ಲ. ಫೇಸ್‌ಬುಕ್ಕಿಗೆ ಲೈಕ್ ಬಟನ್ ಬಂದಿದ್ದು 2009ರ ಫೆಬ್ರವರಿಯಲ್ಲಿ. ಅದಕ್ಕೂ ಮುಂಚೆ, 2007ರಲ್ಲೇ, ಫ್ರೆಂಡ್‌ಫೀಡ್‌ನಲ್ಲಿ ಇಂಥದ್ದೊಂದಿತ್ತು. ಸಾವಿನ ಸುದ್ದಿಗೆ 'ಲೈಕ್' ಒತ್ತೋದು ಹೇಗೆ ಅನ್ನೋ ಮುಜುಗರ ಏಳು ವರ್ಷ ಹಾಗೇ ನಡೀತು. 2016ರಲ್ಲಿ ಅಳುಮುಖ, ಸಿಟ್ಟಿನ ಮುಖ, ಹೃದಯ ಎಲ್ಲಾ ಬಂದವು. ಕೋವಿಡ್ ಶುರುವಾದ 2020ರಲ್ಲಿ ಹೃದಯ ಅಪ್ಪಿಕೊಂಡ ಇನ್ನೊಂದು ಮುಖ ಸೇರಿಕೊಳ್ತು. ವಾಟ್ಸಾಪಿಗೆ ಇವೆಲ್ಲ ಬಂದಿದ್ದು 2022ರಲ್ಲಿ, ಅಲ್ಲಿ ತನಕ ಕೈಮುಗಿಯೋ ಚಿತ್ರವೇ ಎಲ್ಲಕ್ಕೂ ಗತಿ. ಮುಖಗಳು ಹೆಚ್ಚಾದ್ವು, ಪಕ್ಕದಲ್ಲಿನ ಅಂಕಿ ಮಾತ್ರ ಎಲ್ಲೂ ಹೋಗಲಿಲ್ಲ. ನನ್ನ ತಕರಾರು ಇರೋದು ಅದರ ಮೇಲೆ.

ಯಾಕೆ ಅಂತ ಹೇಳ್ತೀನಿ ಕೇಳಿ. ಈ ಮಕ್ಕಳಿಗೆ ಸುಮಾರು ಮೂರು ತಿಂಗಳಿಗೊಮ್ಮೆ ಎಚ್‌ಬಿಎ1ಸಿ ಅನ್ನೋ ರಕ್ತಪರೀಕ್ಷೆ ಮಾಡಿಸ್ತಾರೆ. ಕಳೆದ ಎರಡು ಮೂರು ತಿಂಗಳಲ್ಲಿ ಶುಗರ್ ಸರಾಸರಿ ಹೇಗಿತ್ತು ಅಂತ ಅದು ಹೇಳುತ್ತೆ. ಸಾಮಾನ್ಯವಾಗಿ 7ಕ್ಕಿಂತ ಕೆಳಗಿರಲಿ ಅಂತಾರೆ ಡಾಕ್ಟರು. ಗುಂಪಿನಲ್ಲಿ ಯಾರೋ "6.4 ಬಂತು!!" ಅಂತ ಹಾಕ್ತಾರೆ. ಹೃದಯಗಳ ಸುರಿಮಳೆ. ಹಾಕಬೇಕಾದ್ದೇ, ಅದರ ಹಿಂದೆ ಎಷ್ಟು ರಾತ್ರಿಗಳ ನಿದ್ದೆ ಹೋಗಿರುತ್ತೋ. ಅದೇ ದಿನ ಇನ್ನೊಂದು ಮನೆಯಲ್ಲಿ 9.8 ಬಂದಿರುತ್ತೆ. ಆ ತಾಯಿ ಅದನ್ನ ಬರೀತಾಳಾ? ಬರೆಯೋದಿಲ್ಲ. ಬರೆದರೆ ಎರಡು ಅಳುಮುಖ ಬೀಳುತ್ತೆ, ಮೇಲಿನದಕ್ಕೆ ನಲವತ್ತೆಂಟು ಹೃದಯ. ಆ ಎರಡು ಅಂಕಿ ಒಂದರ ಕೆಳಗೊಂದು ಕಂಡ ಕೂಡಲೇ ಮಗುವಿನ ರಕ್ತಪರೀಕ್ಷೆ ಅಮ್ಮನ ಮಾರ್ಕ್ಸ್ ಕಾರ್ಡ್ ಆಗಿಬಿಡುತ್ತೆ. ಜ್ವರ ಬಂದಿದ್ದಕ್ಕೋ, ಬೆಳೆಯೋ ವಯಸ್ಸಿನ ಹಾರ್ಮೋನುಗಳಿಂದಲೋ, ಸ್ಟ್ರಿಪ್ ಕೊಳ್ಳೋಕೆ ದುಡ್ಡು ಸಾಲದ್ದಕ್ಕೋ ಏರಿದ ಶುಗರ್ ಅದು. ಯಾರಿಗೆ ಗುಂಪು ಎಲ್ಲರಿಗಿಂತ ಹೆಚ್ಚು ಬೇಕಿತ್ತೋ ಅವಳೇ ಮೂಲೆ ಸೇರಿ ಸುಮ್ಮನಾಗ್ತಾಳೆ. ನಮ್ಮಕ್ಕನೂ ಒಮ್ಮೆ ಐದು ತಿಂಗಳು ಗುಂಪಿನಲ್ಲಿ ಒಂದಕ್ಷರ ಬರೆದಿರಲಿಲ್ಲ. ಯಾಕೆ ಅಂತ ನಮಗ್ಯಾರಿಗೂ ಅವಳು ಹೇಳಲಿಲ್ಲ. ಫೈಲಿನಲ್ಲಿದ್ದ ರಿಪೋರ್ಟ್ ನೋಡಿ ಭಾವ ಹೇಳಿದ್ರು.

ಹಂಗಾದ್ರೆ ಬಟನ್ನೇ ಬೇಡ ಅನ್ನಬಹುದಲ್ಲ? ಅಲ್ಲೇ ನಾನು ಒಪ್ಪೋದಿಲ್ಲ.

ರಾತ್ರಿ ಎರಡೂವರೆ. ಒಬ್ಬರು ಬರೀತಾರೆ: "ಶುಗರ್ 52. ಗ್ಲೂಕೋಸ್ ಕೊಟ್ಟೆ. ಕಾಯ್ತಾ ಇದೀನಿ." ಶುಗರ್ 70ಕ್ಕಿಂತ ಕೆಳಗೆ ಹೋದರೆ ಗ್ಲೂಕೋಸ್ ಕೊಟ್ಟು, ಹದಿನೈದು ನಿಮಿಷ ಬಿಟ್ಟು ಮತ್ತೆ ಚುಚ್ಚಿ ನೋಡಬೇಕು. ಆ ಹದಿನೈದು ನಿಮಿಷ ಎಷ್ಟು ಉದ್ದ ಅಂತ ಗೊತ್ತಿರೋರಿಗೇ ಗೊತ್ತು. ಅದೇ ಹೊತ್ತಿಗೆ ಇನ್ನೊಂದೂರಲ್ಲಿ ಇನ್ನೊಬ್ಬ ಅಮ್ಮ ಎದ್ದಿರ್ತಾಳೆ, ತನ್ನ ಮಗುವಿನ ಬೆರಳು ಒಂದು ಕೈಯಲ್ಲಿ, ಮೊಬೈಲು ಇನ್ನೊಂದರಲ್ಲಿ. ಅವಳಿಗೆ ಸಿಗೋದು ಒಂದು ಹೆಬ್ಬೆರಳು ಮಾತ್ರ. ಆ ಬೆರಳಿಂದ ಒಂದು ಸಲ ಒತ್ತಿದರೆ ಈ ಕಡೆಯವಳಿಗೆ ಒಬ್ಬರು ಎಚ್ಚರವಾಗಿದ್ದಾರೆ ಅಂತ ಗೊತ್ತಾಗುತ್ತೆ. ಮಾತಲ್ಲೇ ಬರೀಲಿ ಅಂತ ಬಟನ್ ತೆಗೆದುಬಿಟ್ರೆ ಆ ಹೊತ್ತಿಗೆ ಸಿಗೋದು ಮಾತಲ್ಲ, ಏನೂ ಇಲ್ಲ.

ಇದು ನಮಗೆ ಗೊತ್ತಿಲ್ಲದ ಸಂಗತಿಯೇನಲ್ಲ. ಅಜ್ಜಿ ಕಥೆ ಹೇಳುವಾಗ ಮೊದಲ ಷರತ್ತೇ "ಹೂಂ ಅನ್ನಬೇಕು". ಹೂಂಗುಟ್ಟೋದು ನಿಲ್ಲಿಸಿದ್ರೆ ಕಥೆ ಅಲ್ಲಿಗೇ ನಿಲ್ತಿತ್ತು. ಆ 'ಹೂಂ' ಮೆಚ್ಚುಗೆಯಲ್ಲ, ಒಪ್ಪಿಗೆಯೂ ಅಲ್ಲ. ಕೇಳಿಸ್ಕೊಳ್ತಿದೀನಿ, ಮುಂದೆ ಹೇಳು ಅಂತ ಅಷ್ಟೇ. ಸಾವಾದ ಮನೆಗೆ "ಮಾತಾಡಿಸ್ಕೊಂಡು ಬರೋಣ" ಅಂತ ಹೋಗ್ತೀವಲ್ಲ, ಅಲ್ಲಿ ನಿಜಕ್ಕೂ ಎಷ್ಟು ಜನ ಮಾತಾಡ್ತಾರೆ ಹೇಳಿ? ಜಗಲಿ ಮೇಲೆ ಅರ್ಧ ಗಂಟೆ ಕೂತು, ಹೊರಡುವಾಗ "ಬರ್ತೀನಿ" ಅಂತಲೂ ಅನ್ನದೆ ಎದ್ದು ಬರ್ತಾರೆ. ಆ ಮನೆಯವರಿಗೆ ಅವರು ಬಂದಿದ್ದು ನೆನಪಿರುತ್ತೆ. ಇನ್ನೊಂದು ಗಮನಿಸಿ. ಮದುವೆಮನೆಯಲ್ಲಾದ್ರೆ ಒಬ್ಬರು ಪುಸ್ತಕ ಹಿಡಿದು ಕೂತು ಯಾರು ಎಷ್ಟು ಮುಯ್ಯಿ ಮಾಡಿದ್ರು ಅಂತ ಬರ್ಕೊಳ್ತಾರೆ. ಸಾವಿನ ಮನೆ ಬಾಗಿಲಲ್ಲಿ ಎಷ್ಟು ಜನ ಬಂದ್ರು ಅಂತ ಯಾರೂ ಬೋರ್ಡ್ ಬರೆದು ಹಾಕೋದಿಲ್ಲ.

ಹಾಗಂತ ಬಟನ್ ಒಂದು ಔಷಧಿ ಅಂತ ನಾನು ಹೇಳ್ತಿಲ್ಲ. ಮೊಯಿರಾ ಬರ್ಕ್ ಮತ್ತು ರಾಬರ್ಟ್ ಕ್ರಾಟ್ ಅನ್ನೋರು ಸುಮಾರು 1,900 ಫೇಸ್‌ಬುಕ್ ಬಳಕೆದಾರರನ್ನ ಗಮನಿಸಿ 2016ರಲ್ಲಿ ಒಂದು ಅಧ್ಯಯನ ಪ್ರಕಟಿಸಿದ್ರು. ಹತ್ತಿರದವರು ತನಗೆ ಅಂತಲೇ ಕೂತು ಬರೆದ ಮಾತುಗಳಿಗೂ ಮನಸ್ಸಿನ ನೆಮ್ಮದಿ ಹೆಚ್ಚೋದಕ್ಕೂ ಸಂಬಂಧ ಕಂಡಿತು, ಒಂದೇ ಕ್ಲಿಕ್ಕಿನ ಲೈಕುಗಳಿಗೆ ಅಂಥ ಸಂಬಂಧ ಕಾಣಲಿಲ್ಲ. ಬರ್ಕ್ ಆಗ ಫೇಸ್‌ಬುಕ್ಕಿನಲ್ಲೇ ಸಂಶೋಧಕಿ ಅನ್ನೋದು ತಮಾಷೆ. ಹಾಗಾಗಿ ಮಾತಿನ ಜಾಗದಲ್ಲಿ ಬಟನ್ ಕೂರಿಸೋದು ತಪ್ಪು. ಅದಕ್ಕೇ ಒಂದು ಏರ್ಪಾಡು ಮಾಡಿದೀವಿ. ಯಾವುದೇ ಬರಹಕ್ಕೆ ಆರು ಗಂಟೆಯೊಳಗೆ ಒಂದಾದರೂ ಮಾತಿನ ಉತ್ತರ ಬರದಿದ್ರೆ, ಅದಕ್ಕೆ ಎಷ್ಟೇ ಕ್ಲಿಕ್ ಬಿದ್ದಿರಲಿ, ಆ ವಾರದ ಪಾಳಿಯವರಿಗೆ ಸಂದೇಶ ಹೋಗುತ್ತೆ. ಅವರು ಎರಡು ಸಾಲಾದ್ರೂ ಬರೀಬೇಕು, ಇಲ್ಲಾ ಫೋನ್ ಮಾಡಬೇಕು. ಪಾಳಿಗೆ ಹನ್ನೊಂದು ಜನ ಹೆಸರು ಕೊಟ್ಟಿದ್ದಾರೆ.

ಅಂಕಿ ತೋರಿಸದ ಬಟನ್ ಎಲ್ಲಾದ್ರೂ ಉಂಟಾ ಮಾರಾಯ ಅಂತ ಗೆಳೆಯ ಕೇಳಿದ. ಉಂಟು. ನಮ್ಮಲ್ಲಿ ಕನ್ನಡ ವಿಕಿಪೀಡಿಯದಲ್ಲಿ ಕೈಯಾಡಿಸೋರಿಗೆ ಗೊತ್ತಿರುತ್ತೆ. ಯಾರೋ ಮಾಡಿದ ಒಂದು ತಿದ್ದುಪಡಿ ಇಷ್ಟವಾದ್ರೆ ಅದರ ಪಕ್ಕದ ಧನ್ಯವಾದದ ಕೊಂಡಿ ಒತ್ತಬಹುದು. ಇಂಗ್ಲಿಷ್ ವಿಕಿಪೀಡಿಯದಲ್ಲಿ ಇದು ಶುರುವಾಗಿದ್ದು 2013ರಲ್ಲಿ. ಒತ್ತಿದ್ರೆ ಆ ವ್ಯಕ್ತಿಗೆ ಸೂಚನೆ ಹೋಗುತ್ತೆ, ಅಷ್ಟೇ. ಲೇಖನದ ತಲೆ ಮೇಲೆ "ಇದಕ್ಕೆ 312 ಧನ್ಯವಾದ" ಅಂತ ಬರೋದಿಲ್ಲ. ನಮ್ಮದೂ ಹಾಗೇ: ಯಾರು ಒತ್ತಿದ್ರು ಅಂತ ಬರೆದವರಿಗೆ ಮಾತ್ರ ಹೆಸರು ಕಾಣುತ್ತೆ, ಉಳಿದವರಿಗೆ ಏನೂ ಇಲ್ಲ. ಎಂಜಿನಿಯರ್ ಆಗಿ ಹೇಳೋದಾದ್ರೆ ಡೇಟಾಬೇಸಿನಲ್ಲಿ ಎರಡಕ್ಕೂ ಅದೇ ಟೇಬಲ್ಲು, ಅವೇ ಮೂರು ಕಾಲಂ. ಯಾರು, ಯಾವ ಬರಹಕ್ಕೆ, ಯಾವಾಗ. ಅದನ್ನ ಎಣಿಸಿ ಊರಿಗೆಲ್ಲ ತೋರಿಸೋದು ಬೇರೆಯೇ ಒಂದು ಸಾಲು, ಆ ಸಾಲನ್ನ ಬರೆಯದೇ ಇದ್ದರಾಯ್ತು. ಇನ್‌ಸ್ಟಾಗ್ರಾಂ 2019ರಲ್ಲಿ ಕೆಲವು ದೇಶಗಳಲ್ಲಿ ಲೈಕಿನ ಲೆಕ್ಕ ಮುಚ್ಚಿಟ್ಟು ನೋಡಿ, 2021ರಲ್ಲಿ ಬೇಕಾದವರು ಮುಚ್ಚಿಕೊಳ್ಳಿ ಅಂತ ಬಿಟ್ಟುಬಿಡ್ತು. ಬೇಕಾದವರು ಅಂದ್ರೆ ಮುಚ್ಚಿಕೊಂಡವರು ಕಡಿಮೆ ಲೈಕಿನವರು ಅಂತಲೇ ಆಗುತ್ತಲ್ಲ... ಆ ಅರೆಮನಸ್ಸು ನಮಗೆ ಬೇಡ.

ಮಾಹಿತಿಯ ವಿಷಯದಲ್ಲಿ ಮಾತ್ರ ನಾನು ಸ್ವಲ್ಪ ಬೇರೆ ಯೋಚಿಸ್ತಿದ್ದೆ. ಮಳೆಗಾಲದಲ್ಲಿ ನಮ್ಮ ಮಲೆನಾಡಿನ ಕಡೆ ಎರಡು ದಿನ ಕರೆಂಟ್ ಹೋದರೆ ಇನ್ಸುಲಿನ್ ಎಲ್ಲಿಡೋದು? ತೆರೆಯದ ಬಾಟಲಿ 2ರಿಂದ 8 ಡಿಗ್ರಿಯಲ್ಲಿರಬೇಕು, ಫ್ರೀಜರಿನಲ್ಲಿಟ್ಟರೆ ಹಾಳು. ನೀರು ಹನಿಸಿದ ಮಣ್ಣಿನ ಮಡಕೆಯಲ್ಲಿಟ್ಟು ತಂಪು ಕಾಯೋ ಉಪಾಯ ಫ್ರಿಜ್ ಇಲ್ಲದ ಎಷ್ಟೋ ಊರುಗಳಲ್ಲಿದೆ. ಇಂಥ ಉತ್ತರಕ್ಕೆ "ನನಗೂ ಉಪಯೋಗವಾಯ್ತು" ಅಂತ ಮೂವತ್ತು ಜನ ಒತ್ತಿದ್ರೆ ಅಂಕಿ ಕಾಣಲಿ, ಅದೇ ಮೇಲೆ ಬರಲಿ ಅಂತಿದ್ದೆ. 2008ರಿಂದ ಸ್ಟ್ಯಾಕ್ ಓವರ್‌ಫ್ಲೋ ನಡೆದಿದ್ದೇ ಹಾಗೆ, ನಮ್ಮಂಥವರ ಹೊಟ್ಟೆಪಾಡು ಎಷ್ಟೋ ವರ್ಷ ನಡೆದಿದ್ದೂ ಅದರಿಂದಲೇ.

ಆದರೆ ಅಲ್ಲಿ ತಪ್ಪು ಉತ್ತರ ಒತ್ತಿ ಮೇಲೆ ತಂದರೆ ಪ್ರೋಗ್ರಾಮ್ ಓಡೋದಿಲ್ಲ, ಅರ್ಧ ಗಂಟೆ ಹಾಳು. ಇಲ್ಲಿ? ಹಳೆಯ ಗುಂಪಿನಲ್ಲಿ ಹಾಗಲಕಾಯಿ ರಸ ಕುಡಿಸಿ ಇನ್ಸುಲಿನ್ ನಿಲ್ಲಿಸಿದ್ದೇವೆ ಅಂತ ಯಾರೋ ಹಾಕಿದ್ದರು, ಇಪ್ಪತ್ತಕ್ಕೂ ಹೆಚ್ಚು ಹೆಬ್ಬೆರಳು ಬಿದ್ದಿದ್ದವು. ಟೈಪ್ 1 ಮಗುವಿಗೆ ಇನ್ಸುಲಿನ್ ನಿಲ್ಲಿಸಿದ್ರೆ ರಕ್ತ ಆಮ್ಲೀಯವಾಗಿ ಕೆಲವೇ ದಿನಗಳಲ್ಲಿ ಪ್ರಾಣಕ್ಕೆ ಬರುತ್ತೆ. ಒತ್ತಿದವರೆಲ್ಲ ನಂಬಿ ಒತ್ತಿದ್ದಲ್ಲ, ಪಾಪ ಆ ಮಗುವಿಗೆ ಒಳ್ಳೇದಾಗಲಿ ಅಂತ ಒತ್ತಿದ್ದು. ಹೊಸದಾಗಿ ಬಂದವರಿಗೆ ಆ ವ್ಯತ್ಯಾಸ ಕಾಣಬೇಕಲ್ಲ? 2013ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಒಂದು ಪ್ರಯೋಗ ಬಂದಿತ್ತು. ಸುದ್ದಿ ಹಂಚಿಕೊಳ್ಳೋ ತಾಣವೊಂದರ ಸುಮಾರು ಒಂದು ಲಕ್ಷ ಅಭಿಪ್ರಾಯಗಳಲ್ಲಿ ಕೆಲವಕ್ಕೆ ಸಂಶೋಧಕರೇ ಸುಮ್ಮನೆ ಒಂದು ಮೆಚ್ಚುಗೆಯ ಮತ ಹಾಕಿ ಬಿಟ್ಟರು. ಆ ಒಂದು ಸುಳ್ಳು ಮತದಿಂದ ಅವುಗಳ ಕೊನೆಯ ಅಂಕ ಸರಾಸರಿ 25% ಏರಿತ್ತು. ಒಂದೇ ಒಂದು ಕ್ಲಿಕ್ಕಿನಿಂದ!

ಹಾಗಾಗಿ ಔಷಧಿ, ಡೋಸು, ಪಥ್ಯದ ಮಾತಿಗೆ ಅಂಕಿಯೂ ಇಲ್ಲ, ಅಂಕಿ ನೋಡಿ ಮೇಲೆ ಕೆಳಗೆ ಮಾಡೋದೂ ಇಲ್ಲ. ಗುಂಪಿಗೆ ಸಲಹೆ ಕೊಡೋ ಮಕ್ಕಳ ಡಾಕ್ಟರೊಬ್ಬರು ನೋಡಿ ಸರಿ ಅಂದಿದ್ದಕ್ಕೆ ಒಂದು ಗುರುತು ಬೀಳುತ್ತೆ. ಮಡಕೆ, ಬಸ್ಸಿನಲ್ಲಿ ಒಯ್ಯೋ ಚೀಲ, ಶಾಲೆಯ ಟೀಚರಿಗೆ ಬರೆಯೋ ಪತ್ರ, ಇಂಥವಕ್ಕೆ ಅಂಕಿ ಇರಲಿ ಅಂತ ಸಭೆಯಲ್ಲಿ ತೀರ್ಮಾನವಾಯ್ತು. ಆ ಗೆರೆಯನ್ನ ಪ್ರತಿ ಸಲ ಯಾರು ಎಳೀಬೇಕು ಅನ್ನೋದೇ ಈಗ ತಲೆನೋವು. ಮಡಕೆಯ ಮಾತಿನ ಮಧ್ಯೆ ಡೋಸಿನ ಮಾತು ಬಂದೇ ಬರುತ್ತೆ.

ಇನ್ನುಳಿದದ್ದು ಬಟನ್ ಮೇಲೆ ಏನು ಬರೆಯೋದು ಅಂತ. 'ಇಷ್ಟ' ಅಂತೂ ಬೇಡವೇ ಬೇಡ. 'ಜೊತೆಗಿದ್ದೇವೆ' ಅಂತ ಒಬ್ಬರಂದ್ರು, ಅದು ಚುನಾವಣೆ ಬ್ಯಾನರಿನ ಹಾಗಿದೆ ಅಂತ ಬಿದ್ದುಹೋಯ್ತು. 'ಓದಿದೆ' ಅಂದ್ರೆ ಸರ್ಕಾರಿ ಕಚೇರಿಯಲ್ಲಿ ಅರ್ಜಿ ಸ್ವೀಕರಿಸಿದ ಹಾಗೆ. ನಾನು 'ಹೂಂ' ಅಂದೆ. ಅಕ್ಕನಿಗೆ ಹಿಡಿಸ್ತು, ಆದರೆ ಉತ್ತರ ಕರ್ನಾಟಕದ ಕಡೆಯ ಒಬ್ಬ ಅಮ್ಮ "ನಮ್ ಕಡೆ ಹೂಂ ಅಂದ್ರ ಒಪ್ಪಿದಂಗ ಆಗ್ತೈತ್ರಿ, ಮಗೂಗ ಆರಾಮಿಲ್ಲ ಅಂದ್ರ ಹೂಂ ಅನ್ನೂದೇನ್ರಿ?" ಅಂತ ನಕ್ಕುಬಿಟ್ರು. ಸದ್ಯಕ್ಕೆ ಬಟನ್ ಮೇಲೆ ಏನೂ ಬರೆದಿಲ್ಲ, ಒಂದು ಸಣ್ಣ ದೀಪದ ಚಿತ್ರ ಇದೆ. ಬರೋ ಭಾನುವಾರದೊಳಗೆ ಒಳ್ಳೇ ಪದ ಯಾರಿಗಾದ್ರೂ ಹೊಳೆದ್ರೆ ತಿಳಿಸಿ.