ಕಡಲ ತಡಿಯ ಬಿಡಾರ

ಕಳೆದ ಬೇಸಗೆಯ ರಜದಲ್ಲಿ ನಾವು ಸಾಲಿಗ್ರಾಮದಿಂದ ಹೊರಟು ಸಾಲಿಗ್ರಾಮಕ್ಕೆ ಹೋಗಿ ಬಂದೆವೆಂದರೆ ವಾಚಕರು ನಗಬಹುದು. ಇದರಲ್ಲಿ ಒಗಟೇನೂ ಇಲ್ಲ. ಮೈಸೂರು ಜಿಲ್ಲೆಯಲ್ಲಿ ಕೃಷ್ಣರಾಜನಗರದ ಆಚೆಗಿರುವ ನಮ್ಮ ಊರು ಒಂದು. ಉಡುಪಿಗೆ ಉತ್ತರದಲ್ಲಿ, ಕೋಟದ ಮಗ್ಗುಲಿಗೆ, ಕಡಲಿಗೆ ಸಮೀಪವಾಗಿರುವ ಸಾಲಿಗ್ರಾಮ ಮತ್ತೊಂದು. ಇಲ್ಲಿ ಯೋಗನರಸಿಂಹ, ಅಲ್ಲಿ ಗುರುನರಸಿಂಹ. ಹೆಸರೂ ದೇವರೂ ಒಂದಾಗಿರುವ ಆ ಊರನ್ನು ಒಮ್ಮೆ ನೋಡಬೇಕೆಂಬ ಆಸೆ ನಮ್ಮ ಮನೆಯಲ್ಲಿ ಬಹುಕಾಲದಿಂದ ಇತ್ತು. ಮಕ್ಕಳಿಗೆ ಮಾತ್ರ ದೇವರ ದರ್ಶನಕ್ಕಿಂತ ದ್ವೀಪದ ಮೇಲೆ ಹೆಚ್ಚು ಮನಸ್ಸು. ಅವರ ಜೊತೆಯ ಹುಡುಗನೊಬ್ಬ ಅಂಡಮಾನಿಗೆ ಹೋಗಿ, ಕಡಲ ಕರೆಯ ಒಂದು ಸಣ್ಣ ಮನೆಯಲ್ಲಿ ಇಳಿದುಕೊಂಡಿದ್ದು, ಅಲೆಯ ಸದ್ದು ಕೇಳುತ್ತ ನಿದ್ದೆ ಹೋದ ಕಥೆಯನ್ನು ಶಾಲೆಯಲ್ಲೆಲ್ಲ ಹೇಳಿದ್ದನಂತೆ. ಅಂಡಮಾನು ನಮ್ಮ ಕೈಗೆಟುಕತಕ್ಕದ್ದಲ್ಲ. ನಮ್ಮ ನಾಡಿನಲ್ಲಿಯೇ ಅಂಥದೊಂದು ತಾವನ್ನು ಹುಡುಕುವುದೆಂದು ನಿಶ್ಚಯವಾಯಿತು.

ಮಲ್ಪೆಯ ಎದುರಿಗೆ ದ್ವೀಪವೇನೋ ಉಂಟು. ಸೇಂಟ್ ಮೇರಿ ದ್ವೀಪವೆಂದೂ ತೋನ್ಸೆಪಾರೆಂದೂ ಅದನ್ನು ಕರೆಯುತ್ತಾರೆ. ವಾಸ್ಕೋ ಡ ಗಾಮನು 1498ರಲ್ಲಿ ಅಲ್ಲಿ ಇಳಿದು ಆ ಹೆಸರಿಟ್ಟನೆಂಬ ಐತಿಹ್ಯವಿದೆ. ಐದಾರು ಮುಖಗಳಾಗಿ ಕಡೆದು ನಿಲ್ಲಿಸಿದಂತೆ ಕಾಣುವ ಅಲ್ಲಿನ ಕಲ್ಲಿನ ಕಂಬಗಳು ಶಿಲ್ಪಿಯ ಕೆಲಸವಲ್ಲ. ಸುಮಾರು 8 ಕೋಟಿ 80 ಲಕ್ಷ ವರ್ಷಗಳ ಹಿಂದೆ, ಮಡಗಾಸ್ಕರ್ ನಮ್ಮ ಭೂಖಂಡದಿಂದ ಬೇರ್ಪಡುತ್ತಿದ್ದ ಕಾಲದಲ್ಲಿ, ನೆಲದೊಳಗಿನಿಂದ ಉಕ್ಕಿದ ಲಾವಾರಸ ಆರುತ್ತ ಕುಗ್ಗಿ, ಬಿರಿದು ಕಂಬಗಳಾದುದೆಂದು ಭೂವಿಜ್ಞಾನಿಗಳು ಹೇಳುತ್ತಾರೆ. ಮಲ್ಪೆಯಿಂದ ದೋಣಿಯಲ್ಲಿ ಹೋಗಿ ನೋಡಿದೆವು. ಮಕ್ಕಳು ಕಂಬದಿಂದ ಕಂಬಕ್ಕೆ ಹಾರಿದರು, ಒಬ್ಬನು ಬಿದ್ದು ಮೊಣಕಾಲು ತರಚಿಕೊಂಡನು. ಆದರೆ ರಾತ್ರಿ ಅಲ್ಲಿ ತಂಗುವಂತಿಲ್ಲ. ಸಂಜೆಗೆ ಮೊದಲೇ ಎಲ್ಲರೂ ಮರಳಬೇಕು. ಬೇಕಾದ ದ್ವೀಪದಲ್ಲಿ ಬಿಡಾರವಿಲ್ಲದ್ದರಿಂದ ದ್ವೀಪಕ್ಕೆ ಸಮನಾದ ನೆಲವನ್ನು ಆರಿಸಬೇಕಾಯಿತು.

ಅದು ಕೋಡಿಬೆಂಗ್ರೆ. ಸ್ವರ್ಣಾ ಮತ್ತು ಸೀತಾ ನದಿಗಳು ಕೂಡಿ ಕಡಲನ್ನು ಸೇರುವಲ್ಲಿ, ಹೊಳೆಗೂ ಸಮುದ್ರಕ್ಕೂ ನಡುವೆ ಉದ್ದಕ್ಕೆ ಚಾಚಿಕೊಂಡ ಮರಳಿನ ನಾಲಗೆ. ಮೂರು ಕಡೆ ನೀರು, ತೆಂಕಣಕ್ಕೆ ಮಾತ್ರ ನೆಲದ ನಂಟು. ಅಲ್ಲಲ್ಲಿ ನಡುರಸ್ತೆಯಲ್ಲಿ ನಿಂತರೆ ಎರಡು ಕಡೆಯ ನೀರೂ ಕಾಣುತ್ತದೆ. ಸೂರ್ಯನು ಹೊಳೆಯ ಮೇಲೆ ಹುಟ್ಟಿ ಕಡಲಿನಲ್ಲಿ ಮುಳುಗುತ್ತಾನೆ. ಎರಡನ್ನೂ ಒಂದೇ ಜಗಲಿಯಿಂದ ನೋಡಬಹುದು. ಹೊಳೆಯ ಆಚೆ ದಡದಲ್ಲಿ ಹಂಗಾರಕಟ್ಟೆ. ಅಲ್ಲಿಂದ ಸಾಲಿಗ್ರಾಮ ದೂರವಲ್ಲ. ಬೆಂಗ್ರೆಯ ಕಡೆ ತುಳು, ಹೊಳೆ ದಾಟಿದರೆ ಬಹುಮಟ್ಟಿಗೆ ಕುಂದಾಪುರದ ಕನ್ನಡ. ದೋಣಿಯವನು ಈ ದಡದಲ್ಲಿ ಒಂದು ಭಾಷೆಯಲ್ಲಿ ಆರಂಭಿಸಿದ ಮಾತನ್ನು ಆ ದಡದಲ್ಲಿ ಇನ್ನೊಂದರಲ್ಲಿ ಮುಗಿಸಿದ್ದನ್ನು ನಾವೇ ಕೇಳಿದೆವು.

ನಾವು ಇಳಿದುಕೊಂಡ ಮನೆ ಮೊಗವೀರ ಕುಟುಂಬದ್ದು. ಹಳೆಯ ಹೆಂಚಿನ ಮನೆ. ಪಕ್ಕಕ್ಕೆ ಅತಿಥಿಗಳಿಗಾಗಿ ಕಟ್ಟಿದ ಮೂರು ಕೋಣೆಗಳು. ಈಗಿನವರು ಇದನ್ನು ಹೋಂಸ್ಟೇ ಎನ್ನುತ್ತಾರೆ. ಯಜಮಾನಿತಿ ಅರುವತ್ತು ದಾಟಿದ ಹೆಂಗಸು. ಮಗ, ಸೊಸೆ, ಶಾಲೆಗೆ ಹೋಗುವ ಒಬ್ಬ ಮೊಮ್ಮಗಳು. ಮಗನು ಮಲ್ಪೆಯ ದೋಣಿಗೆ ಹೋಗುತ್ತಾನೆ. ಜೂನ್ 1ರಿಂದ ಜುಲೈ 31ರವರೆಗೆ ಯಂತ್ರದ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುವುದರಿಂದ ಆ ಎರಡು ತಿಂಗಳು ಸಂಪಾದನೆಯಿಲ್ಲ. ಕೋಣೆಗಳನ್ನು ಕಟ್ಟಿದ್ದು ಆ ತಿಂಗಳುಗಳ ಅಕ್ಕಿಗೆಂದೇ, ಎಂದು ಆಕೆ ಹೇಳಿದರು. ಆದರೆ ಮಳೆಗಾಲದಲ್ಲಿ ಅತಿಥಿಗಳೂ ಬರುವುದಿಲ್ಲ. ಆದುದರಿಂದ ಬೇಸಗೆಯಲ್ಲಿಯೇ ಕೂಡಿಡಬೇಕು.

ನಾವು ಶಾಕಾಹಾರಿಗಳೆಂದು ಮೊದಲೇ ತಿಳಿಸಿದ್ದೆವು. ತಿಳಿಸುವಾಗ ನಮಗೆ ಸ್ವಲ್ಪ ಸಂಕೋಚವೂ ಇತ್ತು. ಮೀನಿನವರ ಮನೆಗೆ ಹೋಗಿ ಮೀನು ಬೇಡವೆನ್ನುವುದು ಹೇಗೆ? ಆಕೆಯಾದರೋ ಅದನ್ನು ಮಾತಿನ ವಿಷಯವನ್ನಾಗಿಯೇ ಮಾಡಲಿಲ್ಲ. ಹೊರಗಿನ ಒಲೆಯ ಬಳಿ ಬೇರೆ ಪಾತ್ರೆಗಳನ್ನು ತೊಳೆದು ಕವುಚಿಹಾಕಿದ್ದರು. ಬೆಳಿಗ್ಗೆ ನೀರುದೋಸೆ, ಮಧ್ಯಾಹ್ನ ಕುಚ್ಚಲಕ್ಕಿಯ ಅನ್ನ, ಸೌತೆಕಾಯಿಯ ಹುಳಿ, ಗುಜ್ಜೆಯ ಪಲ್ಯ. ರಾತ್ರಿ ಗಂಜಿ, ಉಪ್ಪಿನಕಾಯಿ. ಗುಜ್ಜೆಯೆಂದರೆ ಎಳೆಯ ಹಲಸು. ನಾವು ಊರಿನಿಂದ ಹತ್ತು ಸೇರು ಸಣ್ಣಕ್ಕಿಯನ್ನು ಕಾಣಿಕೆಯಾಗಿ ಒಯ್ದಿದ್ದೆವು. ಭತ್ತದ ಕಣಜವೆಂದು ನಮ್ಮ ಸೀಮೆಗೆ ಹೆಸರಲ್ಲವೇ! ಆಕೆ ಅದನ್ನು ಅಂಗೈಯಲ್ಲಿ ಹಾಕಿಕೊಂಡು ನೋಡಿ, “ಚಂದ ಉಂಟು. ಪಾಯಸಕ್ಕೆ ಆಗ್ತದೆ” ಎಂದರು. ಊಟಕ್ಕೆ ಅದು ಅಕ್ಕಿಯೇ ಅಲ್ಲವೆಂಬುದು ಮುಖದಲ್ಲಿ ಕಾಣುತ್ತಿತ್ತು.

ಸಂಜೆ ಜಗಲಿಯಲ್ಲಿ ಕುಳಿತು ರಂಪಣಿಯ ಕಥೆ ಹೇಳಿದರು. ರಂಪಣಿಯೆಂದರೆ ದಡದಿಂದ ಎಳೆಯುವ ದೊಡ್ಡ ಬಲೆ. ದೋಣಿಯಲ್ಲಿ ಒಯ್ದು ಅರ್ಧಚಂದ್ರಾಕಾರವಾಗಿ ಬಿಟ್ಟು, ಎರಡು ತುದಿಗಳನ್ನೂ ಹತ್ತಾರು ಮಂದಿ ದಡದಲ್ಲಿ ನಿಂತು ಎಳೆಯುವರು. ಬಲೆಯಲ್ಲಿ ಒಬ್ಬೊಬ್ಬರಿಗೂ ಪಾಲು. ಬಂಗುಡೆ, ಬೂತಾಯಿ ಸಿಕ್ಕಿದರೆ ಊರಿಗೆ ಊರೇ ಉಣ್ಣುವುದು. 1970ರ ದಶಕದ ಉತ್ತರಾರ್ಧದಲ್ಲಿ ಯಂತ್ರದ ದೋಣಿಯ ಪರ್ಸೀನ್ ಬಲೆ ಬಂದು, ಮೀನಿನ ಹಿಂಡನ್ನು ದಡಕ್ಕೆ ಬರುವ ಮುನ್ನವೇ ಸುತ್ತುವರಿದುಬಿಟ್ಟಿತು. ರಂಪಣಿಗಳು ಒಂದೊಂದಾಗಿ ಚಪ್ಪರದ ಮೇಲೆ ಸೇರಿದುವು. ಈಗಲೂ ಅಲ್ಲಲ್ಲಿ ಸಣ್ಣದಾದ ಕೈರಂಪಣಿಯನ್ನು ಎಳೆಯುತ್ತಾರೆ. ಮರುದಿನ ಬೆಳಿಗ್ಗೆ ನಮ್ಮ ಮಕ್ಕಳೂ ಹಗ್ಗಕ್ಕೆ ಕೈಹಾಕಿದರು; ಎಳೆದುದಕ್ಕಿಂತ ಎಳೆಸಿಕೊಂಡದ್ದೇ ಹೆಚ್ಚು.

ಇಷ್ಟರವರೆಗೆ ಎಲ್ಲವೂ ಸೊಗಸಾಗಿಯೇ ನಡೆದಿತ್ತು. ಇನ್ನು ನಮ್ಮ ತಪ್ಪನ್ನು ಹೇಳಬೇಕು.

ನಾವು ಕಾವೇರಿಯ ಸೀಮೆಯವರು. ಚುಂಚನಕಟ್ಟೆಯಲ್ಲಿ ಹೊಳೆ ಧುಮುಕುವ ಸದ್ದನ್ನು ಕೇಳಿ, ನಾಲೆಯಲ್ಲಿ ಈಜಿ ಬೆಳೆದವರಿಗೆ ನೀರೆಂಬುದು ಲೆಕ್ಕದ ಪದಾರ್ಥವಲ್ಲ. ಕಡಲಿನಲ್ಲಿ ಮಿಂದ ಮಕ್ಕಳ ಮೈಯೆಲ್ಲ ಉಪ್ಪು, ಮರಳು. ದಿನಕ್ಕೆ ಮೂರು ಬಾರಿ ಸಮುದ್ರಸ್ನಾನ, ಮೂರು ಬಾರಿಯೂ ನಲ್ಲಿಯ ಕೆಳಗೆ ಸಿಹಿನೀರಿನ ಸ್ನಾನ. ನಾವೂ ಬಟ್ಟೆಗಳನ್ನು ಎರಡೆರಡು ಸಲ ಜಾಲಿಸಿದೆವು. ಕೋಣೆಯಲ್ಲಿ ನಲ್ಲಿಯಿತ್ತು, ತಿರುಗಿಸಿದರೆ ನೀರು ಬರುತ್ತಿತ್ತು. ಎಲ್ಲಿಂದ ಬರುತ್ತದೆಂದು ಕೇಳುವ ಬುದ್ಧಿ ನಮಗೆ ಹುಟ್ಟಲಿಲ್ಲ. ಎರಡನೆಯ ರಾತ್ರಿ ಸೆಕೆಗೆ ಎಚ್ಚರವಾಗಿ ಹೊರಗೆ ಬಂದಾಗ, ಮನೆಯ ಸೊಸೆ ಮತ್ತು ಮಗ ಎರಡು ಕೈಗಳಲ್ಲಿಯೂ ಕೊಡಪಾನ, ಕ್ಯಾನುಗಳನ್ನು ಹೊತ್ತು ದಾರಿಯಲ್ಲಿ ಬರುತ್ತಿದ್ದುದನ್ನು ಕಂಡೆವು. ಹುಡುಗನು ಬೆಳಗಿನ ಜಾವ ನಾಲ್ಕಕ್ಕೆ ದೋಣಿಗೆ ಹೋಗಬೇಕಾಗಿದ್ದವನು. ಕೇಳಿದರೆ, “ಏನಿಲ್ಲ, ಆಚೆ ಮನೆಯಿಂದ ಸ್ವಲ್ಪ ನೀರು” ಎಂದನು.

ಬೆಳಿಗ್ಗೆ ಕಾಫಿ ಬಂದಿತು. ಮಕ್ಕಳಲ್ಲಿ ಚಿಕ್ಕವಳು ಮುಖ ಸಿಂಡರಿಸಿ, “ಅಜ್ಜೀ, ಸಕ್ಕರೆಯ ಬದಲು ಉಪ್ಪು ಹಾಕಿದ್ದೀರಿ” ಎಂದಳು. ಆಕೆ ಲೋಟವನ್ನು ತೆಗೆದುಕೊಂಡು ಹೋಗಿ ಬೇರೆ ಕಾಫಿ ತಂದರು. ಸೊಸೆ ತಪ್ಪಿ ಬಾವಿಯ ನೀರಿನಲ್ಲಿ ಮಾಡಿದ್ದಳಂತೆ. ಈ ಸಲದ್ದು ಹೊತ್ತು ತಂದ ನೀರಿನದು.

ಆಗ ನಮ್ಮ ಒತ್ತಾಯಕ್ಕೆ ಆಕೆ ಬಾವಿಯನ್ನು ತೋರಿಸಿದರು. ಹನ್ನೆರಡು ಅಡಿಯ ಬಾವಿ. ಮರಳಿನಲ್ಲಿ ಮಳೆಯ ನೀರು ಇಂಗಿ, ಉಪ್ಪುನೀರಿಗಿಂತ ಹಗುರವಾದ್ದರಿಂದ ಅದರ ಮೇಲೆ ತೇಲುತ್ತ ನಿಂತಿರುತ್ತದೆ, ಹಾಲಿನ ಮೇಲಿನ ಕೆನೆಯ ಹಾಗೆ. ಗೈಬೆನ್ ಎಂಬ ಡಚ್ಚರವನೂ ಹೆರ್ಟ್ಸ್‌ಬರ್ಗ್ ಎಂಬ ಜರ್ಮನನೂ ನೂರು ವರ್ಷಗಳಿಗೂ ಹಿಂದೆ ಬೇರೆಬೇರೆಯಾಗಿ ಈ ಲೆಕ್ಕವನ್ನು ಕಂಡುಹಿಡಿದರು: ಸಿಹಿನೀರು ಸಮುದ್ರದ ಮಟ್ಟಕ್ಕಿಂತ ಒಂದು ಅಡಿ ಮೇಲಿದ್ದರೆ, ಮಟ್ಟದ ಕೆಳಗೆ ಸುಮಾರು ನಲವತ್ತು ಅಡಿಯವರೆಗೆ ಸಿಹಿನೀರೇ ಇರುತ್ತದೆ. ಕೇಳಲು ಸಂತೋಷವಾದ ಲೆಕ್ಕ. ಆದರೆ ಅದನ್ನೇ ತಿರುಗಿಸಿ ನೋಡಿದರೆ, ಮೇಲಿನ ಒಂದು ಅಡಿಯನ್ನು ಸೇದಿ ತೆಗೆದಷ್ಟಕ್ಕೆ ಕೆಳಗಿನಿಂದ ಉಪ್ಪುನೀರು ನಲವತ್ತು ಅಡಿ ಏರಲು ಹವಣಿಸುತ್ತದೆ. ನಿಧಾನವಾಗಿ ಕೊಡದಿಂದ ಸೇದಿದರೆ ಬಾವಿ ಸಹಿಸುತ್ತದೆ, ಪಂಪು ಹಚ್ಚಿ ಒಂದೇ ಸಮನೆ ಎಳೆದರೆ ಉಪ್ಪು ಮೇಲಕ್ಕೆ ಬರುತ್ತದೆ. ಬಂದ ಉಪ್ಪು ಮಳೆ ಬೀಳುವವರೆಗೆ ಇಳಿಯುವುದು ಕಷ್ಟ. ಆಕೆಗೆ ಗೈಬೆನ್ನನ ಹೆಸರು ತಿಳಿಯದಿದ್ದರೂ, “ಬಾವಿಯನ್ನು ಹೆದರಿಸಬಾರದು, ಮೆಲ್ಲ ಕೇಳಬೇಕು” ಎಂದುದು ಆ ಲೆಕ್ಕವೇ.

ಮೊದಲೇ ಏಕೆ ಹೇಳಲಿಲ್ಲವೆಂದು ಕೇಳಿದೆವು. “ಬಂದವರಿಗೆ ನೀರು ಲೆಕ್ಕ ಮಾಡಿ ಕೊಡುದಾ? ಎಂತ ಮಾತು, ಮಾರಾಯ್ರೆ!” ಎಂದು ನಕ್ಕುಬಿಟ್ಟರು.

ಈ ಉತ್ತರ ನಮ್ಮನ್ನು ಬಹಳ ಹೊತ್ತು ಕಾಡಿತು. ನಾವು ಹಣ ಕೊಟ್ಟು ಬಂದವರು. ಕೊಟ್ಟಿದ್ದೇವೆ, ಬೇಕಾದಷ್ಟು ಬಳಸುತ್ತೇವೆ ಎಂಬ ಧೋರಣೆ, ಬಾಯಿಯಲ್ಲಿ ಆಡದಿದ್ದರೂ, ನಮ್ಮ ಕೈಯಲ್ಲಿ ಇತ್ತು. ಆಕೆಯಾದರೋ ಹಣ ತೆಗೆದುಕೊಂಡೂ ನಮ್ಮನ್ನು ಮನೆಗೆ ಬಂದ ನೆಂಟರೆಂದೇ ಎಣಿಸಿದ್ದರು. ನಮ್ಮ ಹಿರಿಯರ ಕಾಲದಲ್ಲಿ ಛತ್ರಗಳಿದ್ದುವು, ಅರವಟ್ಟಿಗೆಗಳಿದ್ದುವು. ಅಲ್ಲಿ ಹಣವಿರಲಿಲ್ಲವಾದ್ದರಿಂದ ಬಂದವನು ತಾನೇ ತಗ್ಗಿ ನಡೆಯುತ್ತಿದ್ದನು. ಪಟ್ಟಣದ ದೊಡ್ಡ ಹೋಟೆಲಿನಲ್ಲಿ ನೆಂಟಸ್ತಿಕೆಯಿಲ್ಲ. ಅಲ್ಲಿ ನೀರಿಗೂ ಬೆಲೆ ಕಟ್ಟಿಯೇ ಬಾಡಿಗೆ ಗೊತ್ತುಮಾಡಿರುತ್ತಾರೆ. ಇವೆರಡರ ನಡುವೆ ನಿಂತ ಇಂಥ ಮನೆಗಳಲ್ಲಿ ಮಾತ್ರ ಕಷ್ಟ. ಯಜಮಾನಿತಿಗೆ ಹಣ ಬೇಕು, ಬೇಡವೆಂದರೆ ಆಷಾಢಕ್ಕೆ ಅಕ್ಕಿಯಿಲ್ಲ. ಆದರೆ ‘ಇಷ್ಟೇ’ ಎಂದು ಹೇಳಲು ನಾಲಗೆ ಬಾರದು. ಹೇಳದೆ ಉಳಿದುದನ್ನು ಸೊಸೆ ಹೊತ್ತು ತರಬೇಕು. ಮನೆಯೊಳಗಿನ ಔದಾರ್ಯದ ಭಾರ ಯಾವಾಗಲೂ ಹೆಂಗಸರ ಸೊಂಟದ ಮೇಲೆಯೇ ಕೂರುತ್ತದೆಂಬುದನ್ನು ನಮ್ಮ ಸೋದರಿಯರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಇದೇ ಕರಾವಳಿಯ ಹೆಣ್ಣುಮಕ್ಕಳ ದುಡಿಮೆಯನ್ನು ಶಿವರಾಮ ಕಾರಂತರು 1941ರ ‘ಮರಳಿ ಮಣ್ಣಿಗೆ’ಯಲ್ಲಿ ತೋರಿಸಿದ್ದಾರೆ; ಓದುವಾಗ ಅದು ಹಳೆಯ ಕಾಲದ್ದೆಂದುಕೊಂಡಿದ್ದೆವು.

ಉಳಿದ ಎರಡು ದಿನ ಮಕ್ಕಳಿಗೆ ಒಂದು ಬಕೆಟ್ಟು ನೀರು, ಒಂದು ತಂಬಿಗೆ ಎಂದು ಕಟ್ಟುಮಾಡಿದೆವು. ಮೊದಲು ಮುನಿದರು, ಆಮೇಲೆ ಮನೆಯ ಮೊಮ್ಮಗಳು ಅರ್ಧ ಬಕೆಟ್ಟಿನಲ್ಲಿ ತಲೆಗೂದಲನ್ನೂ ತೊಳೆದು ತೋರಿಸಿದಾಗ ಅದು ಪಂದ್ಯವಾಯಿತು. ಸಂಜೆ ನೀರಿಗೆ ಹೋಗುವಾಗ ನಾವೂ ಒಂದೊಂದು ಕೊಡ ಹಿಡಿದು ಜೊತೆಗೆ ಹೊರಟೆವು. ಸೊಸೆ ಬಹಳ ತಡೆದಳು, ಕಡೆಗೆ ಸುಮ್ಮನಾದಳು. ಮರಳಿನಲ್ಲಿ ತುಂಬಿದ ಕೊಡ ಹೊತ್ತು ನಡೆಯುವುದು ಗಟ್ಟಿನೆಲದ ನಡಿಗೆಯಂತಲ್ಲ. ಪಾದ ಹೂಳುತ್ತದೆ, ನೀರು ತುಳುಕುತ್ತದೆ. ನಮ್ಮ ಕೊಡದಲ್ಲಿ ಮನೆ ಸೇರಿದ್ದು ಮುಕ್ಕಾಲು.

ಹೊರಡುವ ದಿನ ದೋಣಿಯಲ್ಲಿ ಹೊಳೆ ದಾಟಿ ಆಚೆಯ ಸಾಲಿಗ್ರಾಮಕ್ಕೆ ಹೋಗಿ ಗುರುನರಸಿಂಹನ ದರ್ಶನ ಮಾಡಿದೆವು. ಯಜಮಾನಿತಿಯೂ ನಮ್ಮೊಡನೆ ಬಂದಿದ್ದರು. ನಿಮ್ಮ ಸಾಲಿಗ್ರಾಮದಲ್ಲಿ ಏನು ವಿಶೇಷವೆಂದು ಕೇಳಿದರು. ಚೋಳದೇಶವನ್ನು ಬಿಟ್ಟು ಬಂದ ರಾಮಾನುಜಾಚಾರ್ಯರು ನಮ್ಮೂರಿನಲ್ಲಿ ಕೆಲವು ಕಾಲ ಅತಿಥಿಯಾಗಿ ನಿಂತಿದ್ದರೆಂಬ ಪ್ರತೀತಿಯನ್ನೂ, ಅವರ ಪಾದ ಸೋಕಿದ ಶ್ರೀಪಾದತೀರ್ಥದ ಕೊಳಕ್ಕೆ ಇಂದಿಗೂ ಯಾತ್ರಿಕರು ಬರುವುದನ್ನೂ ಹೇಳಿದೆವು. ಆಕೆ ಸ್ವಲ್ಪ ಯೋಚಿಸಿ, “ಆ ಕೊಳದ ನೀರು ಸಿಹಿಯಾ?” ಎಂದರು. ಸಿಹಿಯೆಂದೆವು. “ಬೇಸಗೆಯಲ್ಲೂ?” ಎಂದರು.

ಲೆಕ್ಕ ತೀರಿಸುವಾಗ, ನೀರಿನ ಬಾಬತ್ತೆಂದು ಹೇಳದೆ, ಗೊತ್ತಾದ ಬಾಡಿಗೆಗಿಂತ ಸ್ವಲ್ಪ ಹೆಚ್ಚಾಗಿ ಕೊಟ್ಟೆವು. ಎಣಿಸಿ ನೋಡಿ ಹೆಚ್ಚಿನದನ್ನು ಹಿಂದಕ್ಕಿತ್ತರು. ಸೊಸೆಯ ಕೈಗೆ ಕೊಡಲು ಹೋದರೆ ಅವಳು ಅತ್ತೆಯ ಮುಖ ನೋಡಿದಳು. ಮೊಮ್ಮಗಳ ಪುಸ್ತಕಕ್ಕೆಂದಾಗ ಮಾತ್ರ ಒಪ್ಪಿಗೆಯಾಯಿತು.

ಜೂನ್ ಎರಡನೆಯ ವಾರ ಫೋನಿನಲ್ಲಿ ಮಾತನಾಡಿದೆವು. ಮಳೆ ಹಿಡಿದಿತ್ತು, ಮಗನು ಮನೆಯಲ್ಲಿಯೇ ಇದ್ದನು. ಕಡಲು ತಡೆಗೋಡೆಯ ಕಲ್ಲುಗಳನ್ನು ದಾಟಿ ಬಂದು ಎರಡು ತೆಂಗಿನ ಮರಗಳನ್ನು ಒಯ್ದಿತಂತೆ. ಬಾವಿಯ ನೀರು ಇನ್ನೂ ಸ್ವಲ್ಪ ಸಪ್ಪೆಯುಪ್ಪು, ಕಾಫಿಗೆ ಆಗದು, ಗಂಜಿಗೆ ಆಗುತ್ತದೆ ಎಂದರು. ನಾವು ಕೊಟ್ಟ ಸಣ್ಣಕ್ಕಿಯಿಂದ ಒಂದು ದಿನ ಪಾಯಸ ಮಾಡಿದ್ದರಂತೆ.